ಬ್ರೇಕ್ ಅದುರಿದರೆ ಪ್ಯಾಡ್ ಪಳಗಿಸಿದರೆ ಸಾಕೇ?

ಗಂಟೆಗೆ 80–100 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿದಾಗ ಸ್ಟೇರಿಂಗ್ ಕೈಯಲ್ಲೇ ನಡುಗುತ್ತದೆ, ಪೆಡಲ್ ಕಾಲಡಿ ಮಿಡಿಯುತ್ತದೆ. ಈ ನಡುಕ ಚಕ್ರದ ಸುತ್ತಿಗೆ ಕಟ್ಟುಬಿದ್ದದ್ದು. ವೇಗ ತಗ್ಗಿದಂತೆ ಅದರ ಲಯವೂ ತಗ್ಗುತ್ತದೆ. ಸಾಮಾನ್ಯವಾಗಿ ಮುಂದಿನ ಡಿಸ್ಕ್‌ನ ತೊಂದರೆ ಸ್ಟೇರಿಂಗ್‌ನಲ್ಲಿ ತಿಳಿದರೆ ಹಿಂದಿನದು ಸೀಟಿನಲ್ಲಿ ತಿಳಿಯುತ್ತದೆ. ಗ್ಯಾರೇಜಿಗೆ ಹೋದರೆ ಸಿಗುವ ಉತ್ತರ ಒಂದೇ: ಡಿಸ್ಕ್ ಬೆಂಡ್ ಆಗಿದೆ, ಲೇತ್‌ಗೆ ಹಾಕಿಸಿ, ಇಲ್ಲವೇ ಬದಲಿಸಿ. ಇದನ್ನು ಬಲವಾಗಿ ಅಲ್ಲಗಳೆದವರು ಅಮೆರಿಕದ ರೇಸಿಂಗ್ ಎಂಜಿನಿಯರ್ ಕ್ಯಾರಲ್ ಸ್ಮಿತ್. 1960ರ ದಶಕದಲ್ಲಿ ಫೋರ್ಡ್ ಜಿಟಿ40 ತಂಡದಲ್ಲಿ ದುಡಿದು, 1978ರಲ್ಲಿ ‘ಟ್ಯೂನ್ ಟು ವಿನ್’ ಪುಸ್ತಕ ಬರೆದ ಇವರ ವಾದದಲ್ಲಿ ಡಿಸ್ಕ್ ಬಾಗುವುದು ಇಲ್ಲವೆನ್ನುವಷ್ಟು ಅಪರೂಪ; ಅದುರಿಗೆ ಕಾರಣ ಡಿಸ್ಕ್ ಮೇಲೆ ಅಸಮವಾಗಿ ಮೆತ್ತಿಕೊಂಡ ಪ್ಯಾಡ್ ವಸ್ತು. ಹಾಗಿದ್ದರೆ ಪ್ಯಾಡನ್ನು ಸರಿಯಾಗಿ ಪಳಗಿಸುವುದೇ, ಅಂದರೆ ಅದರ ವಸ್ತು ಡಿಸ್ಕ್ ಮೇಲೆ ಸಮವಾಗಿ ಕೂರುವಂತೆ ಮಾಡುವುದೇ, ಮದ್ದಾಗಬೇಕು. ಆದರೆ ಆ ಮದ್ದಿಗೂ ಒಂದು ಮಿತಿಯಿದೆಯೇ ಎಂಬುದರಲ್ಲಿ ಒಮ್ಮತವಿಲ್ಲ.

ಪರ

ಬ್ರೇಕ್ ಹಿಡಿತ ಎರಡು ಬಗೆಯಲ್ಲಿ ಹುಟ್ಟುತ್ತದೆ. ಒಂದರಲ್ಲಿ ಪ್ಯಾಡ್ ಮತ್ತು ಡಿಸ್ಕ್‌ನ ಬೀಡುಕಬ್ಬಿಣ ಒಂದನ್ನೊಂದು ಉಜ್ಜಿ ಸವೆಯುತ್ತವೆ. ಇನ್ನೊಂದರಲ್ಲಿ ಪ್ಯಾಡ್ ವಸ್ತುವಿನ ತೆಳುಪದರ ಡಿಸ್ಕ್ ಮೇಲೆ ಕೂರುತ್ತದೆ. ಪ್ಯಾಡ್ ಮತ್ತು ಆ ಪದರದ ನಡುವೆ ಬೆಸುಗೆಗಳು ಕ್ಷಣಕ್ಷಣಕ್ಕೂ ಮುರಿದು ಮತ್ತೆ ಕೂಡುತ್ತವೆ. ಪರ್ಫಾರ್ಮೆನ್ಸ್ ಪ್ಯಾಡ್‌ಗಳು ಬಿಸಿಯಲ್ಲಿ ಹೆಚ್ಚಾಗಿ ನೆಚ್ಚುವುದು ಈ ಎರಡನೆಯದನ್ನು. ಪದರ ಒಂದೇ ಸಮನಾಗಿದ್ದರೆ ಹಿಡಿತವೂ ಸಮ. ಎಲ್ಲೋ ಒಂದೆಡೆ ದಪ್ಪವಾದರೆ ಆ ಜಾಗ ಹೆಚ್ಚು ಹಿಡಿಯುತ್ತದೆ, ಹೆಚ್ಚು ಕಾಯುತ್ತದೆ, ಕಾದಷ್ಟೂ ಇನ್ನಷ್ಟು ವಸ್ತುವನ್ನು ಎಳೆದುಕೊಳ್ಳುತ್ತದೆ. ಅದುರು ದಿನೇದಿನೇ ಬೆಳೆಯುವುದು ಇದರಿಂದಲೇ.

ಇಂಥ ಗುರುತು ಬೀಳಲು ಹೆಚ್ಚೇನೂ ಬೇಕಿಲ್ಲ. ಚಾರ್ಮಾಡಿ ಘಾಟಿಯನ್ನು ಮೂಡಿಗೆರೆ ಕಡೆಯಿಂದ ಗೇರ್ ಇಳಿಸದೆ ಬ್ರೇಕ್ ಮೇಲೆ ಕಾಲಿಟ್ಟೇ ಇಳಿದು, ಕೆಳಗೆ ಎಲ್ಲೋ ಪೆಡಲ್ ಒತ್ತಿ ಹಿಡಿದು ನಿಂತರೆ ಸಾಕು. ಕಾದ ಪ್ಯಾಡ್ ತನ್ನ ಅಚ್ಚನ್ನು ಡಿಸ್ಕ್ ಮೇಲೆ ಒತ್ತಿಬಿಡುತ್ತದೆ. ಚಕ್ರದ ಕಂಡಿಯಿಂದ ಟಾರ್ಚ್ ಬಿಟ್ಟು ನೋಡಿದರೆ ಪ್ಯಾಡ್ ಅಂಚಿನ ಆಕಾರದ್ದೇ ಮಬ್ಬು ಕಲೆ ಕೆಲವೊಮ್ಮೆ ಕಣ್ಣಿಗೇ ಬೀಳುತ್ತದೆ.

ಪಳಗಿಸುವ ಕ್ರಮ ಸ್ಥೂಲವಾಗಿ ಹೀಗೆ: ವೇಗವನ್ನು 100 ಕಿ.ಮೀ.ಯಿಂದ ಸುಮಾರು 15ಕ್ಕೆ ಗಟ್ಟಿಯಾಗಿ, ಆದರೆ ಎಬಿಎಸ್ ಎದ್ದೇಳದಂತೆ ಇಳಿಸಬೇಕು. ಪೂರ್ತಿ ನಿಲ್ಲಿಸದೆ ಮತ್ತೆ ವೇಗಕ್ಕೆ ಏರಿಸಬೇಕು. ಎಂಟು–ಹತ್ತು ಸಲ ಬಿಡುವಿಲ್ಲದೆ ಹೀಗೆ ಮಾಡುವಾಗ ಸುಟ್ಟ ರಾಳದ ವಾಸನೆ ಬರುತ್ತದೆ, ಹಿಡಿತ ತುಸು ಸಡಿಲವಾದಂತೆಯೂ ಅನ್ನಿಸಬಹುದು. ಆಮೇಲೆ ಐದು–ಹತ್ತು ನಿಮಿಷ ಆದಷ್ಟೂ ಬ್ರೇಕ್ ಮುಟ್ಟದೆ ಓಡಿಸಿ ತಣಿಸಬೇಕು. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬಾರದು. ಮೆತ್ತಿಕೊಂಡ ಕಲೆ ಹೊಸದಾಗಿದ್ದರೆ ಈ ಬಿಸಿಯಲ್ಲಿ ಅದು ಸವರಿಹೋಗಿ ಪದರ ಸಮವಾಗುತ್ತದೆ. ತುಸು ಹಳೆಯದಾದರೆ ಡಿಸ್ಕ್ ಮೈಯನ್ನು ಉಪ್ಪುಕಾಗದದಿಂದ ಉಜ್ಜಿ, ಮತ್ತೆ ಪಳಗಿಸಬೇಕು. ಸಾವಿರಾರು ರೂಪಾಯಿಯ ಡಿಸ್ಕ್ ಬದಲಿಸುವ ಮುನ್ನ ಅರ್ಧ ಗಂಟೆಯ ಈ ಕೆಲಸವನ್ನು ಮಾಡಿ ನೋಡದಿರುವುದಕ್ಕೆ ಕಾರಣವೇ ಇಲ್ಲ.

ವಿರೋಧ

ಅದುರೆಲ್ಲ ಮೇಲ್ಮೈಯ ಕಲೆಯಿಂದಲೇ ಬರುತ್ತದೆಂಬುದು ಒಪ್ಪುವ ಮಾತಲ್ಲ. ಡಿಸ್ಕ್‌ನ ದಪ್ಪದಲ್ಲಿ 10–20 ಮೈಕ್ರಾನ್ ಏರುಪೇರಾದರೂ ಅನೇಕ ಕಾರುಗಳು ಅದುರುತ್ತವೆ. ತಲೆಗೂದಲು ಇದಕ್ಕಿಂತ ಎಷ್ಟೋ ಪಟ್ಟು ದಪ್ಪ. ಈ ಏರುಪೇರಿನ ಮೂಲ ಬಹುಮಟ್ಟಿಗೆ ಡಿಸ್ಕ್ ಕೂರುವ ಹಬ್‌ನಲ್ಲಿರುತ್ತದೆ. ಹಬ್‌ನ ಮುಖದ ತುಕ್ಕನ್ನು ಕೆರೆಯದೆ ಡಿಸ್ಕ್ ಕೂರಿಸಿದ್ದರೆ, ಅಥವಾ ಗಾಳಿ ಗನ್‌ನಿಂದ ನಟ್‌ಗಳನ್ನು ಒಂದನ್ನು ಹೆಚ್ಚು ಒಂದನ್ನು ಕಡಿಮೆ ಬಿಗಿದಿದ್ದರೆ, ಡಿಸ್ಕ್ ತುಸು ಓರೆಯಾಗಿ ತಿರುಗುತ್ತದೆ. ಬ್ರೇಕ್ ಒತ್ತದಿದ್ದಾಗಲೂ ಸುತ್ತಿಗೊಮ್ಮೆ ಅದೇ ಜಾಗ ಪ್ಯಾಡ್‌ಗೆ ತಾಗುತ್ತದೆ, ಅಲ್ಲಿ ಮಾತ್ರ ಸವೆಯುತ್ತದೆ. ಕೆಲವು ಸಾವಿರ ಕಿ.ಮೀ. ಓಡಿದ ಮೇಲಷ್ಟೇ ನಡುಕ ಶುರುವಾಗುವುದರಿಂದ ಯಾರೂ ಅದನ್ನು ಹಳೆಯ ರಿಪೇರಿಗೆ ಹೊಂದಿಸಿ ನೋಡುವುದಿಲ್ಲ. ಸವೆದುಹೋದ ಕಬ್ಬಿಣವನ್ನು ಯಾವ ಪಳಗಿಸುವಿಕೆಯೂ ತುಂಬಿಕೊಡದು.

ಎರಡನೆಯ ತೊಡಕನ್ನು ಸ್ಮಿತ್ ಅವರೇ ಒಪ್ಪಿದ್ದಾರೆ. ಕಲೆಯ ಕೆಳಗಿನ ಕಬ್ಬಿಣ 650–700 ಡಿಗ್ರಿ ಸೆಲ್ಸಿಯಸ್ ದಾಟಿ ಕಾದರೆ ಅಲ್ಲಿ ಸಿಮೆಂಟೈಟ್ ಎಂಬ ಕಬ್ಬಿಣದ ಕಾರ್ಬೈಡ್ ಹುಟ್ಟುತ್ತದೆ. ಅದು ಗಡುಸು, ಸುತ್ತಲಿನ ಕಬ್ಬಿಣದಂತೆ ಸವೆಯುವುದಿಲ್ಲ, ಶಾಖವನ್ನೂ ಸರಿಯಾಗಿ ಸಾಗಿಸುವುದಿಲ್ಲ. ಸುತ್ತಲೂ ಸವೆದಂತೆ ಆ ಜಾಗ ಉಬ್ಬಿ ನಿಲ್ಲುತ್ತದೆ, ಇನ್ನೂ ಕಾಯುತ್ತದೆ, ಇನ್ನೂ ಆಳಕ್ಕೆ ಇಳಿಯುತ್ತದೆ. ಈ ಹಂತದಲ್ಲಿ ಪಳಗಿಸಲು ಹೊರಟರೆ ರೋಗಕ್ಕೇ ಬಿಸಿ ಉಣಿಸಿದಂತೆ. ಲೇತ್ ಕೂಡ ಮೇಲಿನ ಪೊರೆಯನ್ನಷ್ಟೇ ತೆಗೆಯುತ್ತದೆ. ಆಳದಲ್ಲಿ ಉಳಿದದ್ದು ಮತ್ತೆ ಮೇಲೆ ಬರುತ್ತದೆ. ಅಂಥ ಡಿಸ್ಕ್ ಗುಜರಿಗೇ ಸರಿ.

ಸಾಮಾನ್ಯ ಕಾರಿನ ಪ್ಯಾಡ್‌ನ ಮಾತೇ ಬೇರೆ. ಅದಕ್ಕೆ ಮೊದಲ ಕೆಲವು ನೂರು ಕಿ.ಮೀ. ಹದವಾಗಿ ಬ್ರೇಕ್ ಹಾಕಿ ಸೆಟ್ ಆಗಲು ಬಿಡಿ ಎನ್ನುವ ತಯಾರಕರೇ ಹೆಚ್ಚು. ಹತ್ತು ಸಲ ಬಿಡುವಿಲ್ಲದೆ ನೂರರಿಂದ ಇಳಿಸಿದರೆ ಅದರ ಮೈ ಗಾಜಿನಂತಾಗಿ ಹಿಡಿತವೇ ಹೋಗಬಹುದು. ಇನ್ನು ಇಷ್ಟೆಲ್ಲ ಮಾಡುವುದಾದರೂ ಎಲ್ಲಿ? ಹಿಂದೆ ಲಾರಿ ಬರುತ್ತಿರುವ ಹೆದ್ದಾರಿಯಲ್ಲಂತೂ ಅಲ್ಲ. ಇರುಂಗಾಟ್ಟುಕೋಟ್ಟೈಯಂಥ ರೇಸ್ ಟ್ರ್ಯಾಕ್ ಎಲ್ಲರಿಗೂ ಎಟುಕುವುದಿಲ್ಲ. ಕ್ಯಾಲಿಪರ್‌ನ ಸ್ಲೈಡ್ ಪಿನ್ ಹಿಡಿದುಕೊಂಡಿದ್ದರೆ, ಲೋಯರ್ ಆರ್ಮ್ ಬುಷ್ ಸವೆದಿದ್ದರೆ ಟ್ರ್ಯಾಕ್ ಸಿಕ್ಕರೂ ಪ್ರಯೋಜನವಿಲ್ಲ.

ಮರುಮಾತು

ಈ ಆಕ್ಷೇಪಗಳಲ್ಲಿ ತೂಕವಿದೆ. ಆದರೆ ಇವು ಹೇಳುವುದು ಮೊದಲು ಅಳೆಯಬೇಕೆಂದೇ ಹೊರತು ಪಳಗಿಸಬಾರದೆಂದಲ್ಲ. ನಟ್‌ಗಳನ್ನೆಲ್ಲ ಬಿಗಿದು ಡಯಲ್ ಗೇಜ್ ಹಚ್ಚಿದರೆ ಓರೆ ಎಷ್ಟೆಂದು ತಿಳಿಯುತ್ತದೆ. ಅನೇಕ ಕಾರುಗಳಲ್ಲಿ 0.05 ಮಿ.ಮೀ. ಮೀರಿದರೆ ಅನುಮಾನ ಪಡಬೇಕು. ಮೈಕ್ರೋಮೀಟರಿನಿಂದ ಡಿಸ್ಕ್‌ನ ಸುತ್ತ ಎಂಟು ಕಡೆ ದಪ್ಪ ನೋಡಬೇಕು. ಪ್ಯಾಡ್ ಹೊಸದು, ನಡುಕ ಶುರುವಾದದ್ದೂ ಮೊನ್ನೆ ಮೊನ್ನೆ, ಓರೆಯೂ ಇಲ್ಲವೆಂದಾದರೆ ಪಳಗಿಸುವುದೇ ಮೊದಲ ಚಿಕಿತ್ಸೆ. ಲೇತ್‌ಗೆ ಹೋಗುವವರೂ ಡಿಸ್ಕ್ ಮೇಲೆಯೇ ಕೊರೆದಿರುವ ಕನಿಷ್ಠ ದಪ್ಪದ ಅಂಕಿಯನ್ನು ಮೊದಲು ನೋಡಿಕೊಳ್ಳಬೇಕು. ಲೇತ್‌ಗೆ ಹಾಕಿಸಿದ ಅಥವಾ ಹೊಸದಾಗಿ ಹಾಕಿಸಿದ ಡಿಸ್ಕ್‌ಗೂ ಪದರ ಕೂರಿಸಲೇಬೇಕು. ಆ ಕೆಲಸ ಬಿಟ್ಟುಹೋದ ಕಡೆ ಹೊಸ ಡಿಸ್ಕ್ ಕೂಡ ಕೆಲವೇ ವಾರಗಳಲ್ಲಿ ಅದುರಬಹುದು. ಆಗ ಗ್ಯಾರೇಜಿನವರು ಮತ್ತೊಮ್ಮೆ ಬೆಂಡ್ ಎಂದೇ ಬರೆದುಕೊಡುತ್ತಾರೆ.