ಗೊತ್ತಿಲ್ಲದ ನಂಬರನ್ನೂ ನಾವು ಎತ್ತಲೇಬೇಕು

ಟ್ರಾಯ್ ಅಧ್ಯಕ್ಷರಿಗೆ ಇಟ್ಟಂಗಿಹಾಳದಿಂದ ಒಂದು ಬಹಿರಂಗ ಪತ್ರ

ಶ್ರೀ ಅನಿಲ್ ಕುಮಾರ್ ಲಾಹೋಟಿ ಅವರಿಗೆ
ಅಧ್ಯಕ್ಷರು, ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ
ನವದೆಹಲಿ

ಮಾನ್ಯರೇ,

ನಮ್ಮ ಕಡೆಯ ಎಷ್ಟೋ ಮಂದಿಗೆ ನಿಮ್ಮ ಸಂಸ್ಥೆಯ ಹೆಸರು ಪರಿಚಯವಾದದ್ದು ಕಳ್ಳರ ಬಾಯಿಂದ. "ಇದು ಟ್ರಾಯ್ ಕಚೇರಿಯಿಂದ ಬಂದ ಕರೆ. ಎರಡು ತಾಸಿನಲ್ಲಿ ನಿಮ್ಮ ನಂಬರ್ ಬಂದ್ ಆಗುತ್ತದೆ. ಹೆಚ್ಚಿನ ಮಾಹಿತಿಗೆ ಒಂಬತ್ತು ಒತ್ತಿ" ಎನ್ನುವ ರೆಕಾರ್ಡ್ ಮಾಡಿದ ದನಿ ದೇಶದ ತುಂಬ ಓಡಾಡಿತು. ಯಾರ ನಂಬರನ್ನೂ ಬಂದ್ ಮಾಡಲು ನಾವು ಕರೆ ಮಾಡುವುದಿಲ್ಲ ಎಂದು ನೀವೇ ಪ್ರಕಟಣೆ ಹೊರಡಿಸಬೇಕಾಯಿತು. ಒಂಬತ್ತು ಒತ್ತಿದವರಿಗೆ ಮುಂದೆ ಪೊಲೀಸ್ ಡ್ರೆಸ್ಸಿನವನು ವಿಡಿಯೋದಲ್ಲಿ ಕಾಣಿಸಿಕೊಳ್ಳುತ್ತಾನೆ. 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯವರು ಇಂಥದೇ ‘ಡಿಜಿಟಲ್ ಅರೆಸ್ಟ್’ ಕರೆಯೊಂದನ್ನು ದೇಶಕ್ಕೆ ಕೇಳಿಸಿದರಲ್ಲ, ಅದು ಬಂದದ್ದು ನಮ್ಮ ವಿಜಯಪುರದವರೊಬ್ಬರ ಫೋನಿಗೆ. ಅವರು ಜಾಣರು, ಮಾತನ್ನು ರೆಕಾರ್ಡ್ ಮಾಡಿಕೊಂಡರು. ಎಲ್ಲರಿಗೂ ಆ ಸಮಾಧಾನ ಇರುವುದಿಲ್ಲ.

ಆದರೆ ಈ ಪತ್ರ ಆ ಕಳ್ಳರ ಬಗ್ಗೆ ಅಲ್ಲ. ಅವರನ್ನು ಹಿಡಿಯಲು ಪೊಲೀಸರಿದ್ದಾರೆ, ಸೈಬರ್ ವಂಚನೆಯ ಸಹಾಯವಾಣಿ 1930 ಇದೆ. ಕಳ್ಳರು ಸರಾಗವಾಗಿ ಬಂದುಹೋಗುವಂಥ ಜಾತ್ರೆಯೊಂದು ನಮ್ಮ ಫೋನಿನಲ್ಲಿ ದಿನವಿಡೀ ನೆರೆದಿರುತ್ತದಲ್ಲ, ನಾನು ಬರೆಯುತ್ತಿರುವುದು ಅದರ ಬಗ್ಗೆ. ಪರ್ಸನಲ್ ಲೋನಿನವರು, ಕ್ರೆಡಿಟ್ ಕಾರ್ಡಿನವರು, ಬೆಂಗಳೂರಿನ ಆಚೆ ಸೈಟು ಮಾರುವವರು, ಶೇರು ಮಾರುಕಟ್ಟೆಯ ‘ಟಿಪ್ಸ್’ ಕೊಡುವವರು, ಆನ್‌ಲೈನ್ ಡಿಗ್ರಿ ಕೊಡಿಸುವವರು. ಈ ಜಾತ್ರೆ ಕರಗಿದರೆ ಕಳ್ಳನಿಗೆ ಮರೆಯಾಗಿ ನಿಲ್ಲಲು ಜಾಗ ಇರುವುದಿಲ್ಲ. ಇದನ್ನು ಕರಗಿಸುವ ಅಧಿಕಾರ ನಿಮ್ಮ ಕೈಯಲ್ಲಿದೆ.

ಇದಕ್ಕೆ ಪೇಟೆಯ ತಿಳಿದವರು ಕೊಡುವ ಉಪಾಯ ಸರಳ: ಗೊತ್ತಿಲ್ಲದ ನಂಬರ್ ಬಂದರೆ ಎತ್ತಬೇಡಿ. ಐಫೋನಿನಲ್ಲಿ ಅದಕ್ಕೊಂದು ಗುಂಡಿಯೇ ಇದೆ, ಅಪರಿಚಿತರ ಕರೆಯೆಲ್ಲ ಸದ್ದಿಲ್ಲದೆ ಹೋಗುತ್ತದೆ. ತಿಂಗಳ ಕೊನೆಗೆ ಪಗಾರ ಬರುವವರಿಗೆ ಇದು ಒಪ್ಪುವ ಮಾತು. ಟಿಕೋಟಾ, ಬಬಲೇಶ್ವರ ಭಾಗದಲ್ಲಿ ಬದುಕು ಹಾಗೆ ನಡೆಯುವುದಿಲ್ಲ.

ಇಲ್ಲಿಯದು ದ್ರಾಕ್ಷಿಯ ಸೀಮೆ. ಏಪ್ರಿಲ್‌ನಲ್ಲಿ ಒಂದು ಚಾಟಣಿ (ಬಳ್ಳಿ ಸವರುವುದು), ಅಕ್ಟೋಬರ್ ಸುಮಾರಿಗೆ ಇನ್ನೊಂದು. ಫೆಬ್ರುವರಿಯಿಂದ ಕಟಾವು, ಶೆಡ್ಡಿನಲ್ಲಿ ಒಣಗಿಸುವುದು, ಆಮೇಲೆ ಮಣೂಕದ (ಒಣದ್ರಾಕ್ಷಿಯ) ಸೌದಾ. ಈ ವರ್ಷದ ಚಕ್ರದಲ್ಲಿ ದುಡ್ಡು ತರುವ ಕರೆಗಳೆಲ್ಲ ಬರುವುದು ಫೋನಿನಲ್ಲಿ ಹೆಸರಿಲ್ಲದ ನಂಬರುಗಳಿಂದಲೇ. ಹೊಲ ನೋಡಲು ಬರುತ್ತೇನೆಂಬ ವ್ಯಾಪಾರಿ ಇರಬಹುದು, ತಾಸಗಾಂವದ ಪೇಟೆಯಿಂದ ಇವತ್ತಿನ ರೇಟು ಹೇಳುವ ದಲಾಲ ಇರಬಹುದು. ಗೊನೆ ಕಡಿಯುವ ಆಳುಗಳ ಟೋಳಿಯ ಮುಖಂಡ ತನ್ನ ಫೋನಿನ ಚಾರ್ಜ್ ಮುಗಿದು ಗೆಳೆಯನ ಫೋನಿನಿಂದ ಮಾಡುತ್ತಾನೆ. ಕೋಲ್ಡ್ ಸ್ಟೋರೇಜಿನ ಹೊಸ ಗುಮಾಸ್ತ ಮಾಡುತ್ತಾನೆ. ದಾರಿ ತಪ್ಪಿದ ಲಾರಿ ಡ್ರೈವರ್ ಮಾಡುತ್ತಾನೆ. ಬೇಸಗೆಯಲ್ಲಿ ನೀರಿನ ಟ್ಯಾಂಕರಿನವನು. ತ್ರೀ ಫೇಸ್ ಕರೆಂಟಿನ ಸಮಯ ಬದಲಾಗಿದೆ ಎಂದು ತಿಳಿಸುವ ಪಕ್ಕದ ಹೊಲದವನ ಮಗ. ಇವರ ಪೈಕಿ ಒಬ್ಬರ ಕರೆ ತಪ್ಪಿದರೂ ಅವತ್ತಿನ ಸೌದಾ ಮುಂದಿನ ತೋಟಕ್ಕೆ ಹೋಗುತ್ತದೆ. ಮೋಡ ಕಟ್ಟಿದ ದಿನವಂತೂ ಶೆಡ್ಡಿನಲ್ಲಿ ಮಾಲು ಹರವಿದವನು ಫೋನನ್ನು ಕೈಬಿಡುವುದಿಲ್ಲ.

ಹಾಗಾಗಿ ಔಷಧ ಹೊಡೆಯುತ್ತಿರುವವನು ಬೆನ್ನಿನ ಪಂಪು ಇಳಿಸಿ, ಕೈ ಒರೆಸಿಕೊಂಡು, "ಯಾರ‍್ರೀ ಮಾತಾಡೂದು?" ಎಂದು ಕೇಳುತ್ತಾನೆ. ಆ ಕಡೆಯಿಂದ "ಸರ್, ನಿಮಗೆ ಐದು ಲಕ್ಷ ಪ್ರಿ-ಅಪ್ರೂವ್ಡ್ ಲೋನ್ ಇದೆ" ಎಂಬ ಉತ್ತರ. ಕೆಲವೊಮ್ಮೆ ಮಾತೂ ಇರುವುದಿಲ್ಲ, ಯಂತ್ರ ಡಯಲ್ ಮಾಡಿ ಎತ್ತಿದರೋ ಇಲ್ಲವೋ ನೋಡಿ ಇಟ್ಟುಬಿಡುತ್ತದೆ. ಎತ್ತುವ ನಂಬರ್ ಎಂದು ಗೊತ್ತಾದರೆ ಅದಕ್ಕೆ ಇನ್ನಷ್ಟು ಕರೆ.

ನಂಬರ್ ಬ್ಲಾಕ್ ಮಾಡಿ ಎನ್ನುತ್ತೀರಾ? ಮಾಡುತ್ತೇವೆ. ನಾಳೆ ಅವರದೇ ಇನ್ನೊಂದು ನಂಬರಿನಿಂದ ಬರುತ್ತದೆ. ಕರೆ ಮಾಡಿದವರ ಹೆಸರು ತೋರಿಸುವ ಖಾಸಗಿ ಆ್ಯಪುಗಳು ಜನ ಕೊಟ್ಟ ಗುರುತಿನ ಮೇಲೆ ನಡೆಯುವಂಥವು. ಹತ್ತಾರು ರೈತರಿಗೆ ದಿನವೂ ಕರೆ ಮಾಡುವ ಪ್ರಾಮಾಣಿಕ ದಲಾಲನಿಗೂ ಅಲ್ಲಿ ಕೆಂಪು ಬಣ್ಣ ಬೀಳಬಹುದು, ಸಾಲ ಮಾರುವವನು ಹೊಸ ಸಿಮ್ಮಿನಲ್ಲಿ ಸಭ್ಯನಾಗಿ ಕಾಣಬಹುದು.

ನೀವು ಏನೂ ಮಾಡಿಲ್ಲ ಎಂದರೆ ಅದು ಅನ್ಯಾಯದ ಮಾತಾಗುತ್ತದೆ. 2007ರಲ್ಲಿ ‘ಕರೆ ಬೇಡ’ ಎನ್ನುವವರ ಪಟ್ಟಿ, ಅಂದರೆ ಈಗಿನ ಡಿಎನ್‌ಡಿ, ಶುರುವಾಯಿತು. 2010ರಲ್ಲಿ ಹೊಸ ನಿಯಮ, 2018ರಲ್ಲಿ ಮತ್ತೊಂದು, 2025ರ ಫೆಬ್ರುವರಿ 12ರಂದು ಅದಕ್ಕೆ ಗಟ್ಟಿಯಾದ ತಿದ್ದುಪಡಿ. ಈಗ 1909ಕ್ಕೆ ‘ಸ್ಟಾರ್ಟ್ 0’ ಎಂದು ಮೆಸೇಜ್ ಕಳಿಸಿದರೆ ಡಿಎನ್‌ಡಿ ಪೂರ್ತಿ ಜಾರಿಯಾಗುತ್ತದೆ. ಪಟ್ಟಿಗೆ ಸೇರದವರೂ ದೂರು ಕೊಡಬಹುದು. ದೂರು ಕೊಡಲು ಮೂರು ದಿನವಿದ್ದ ಗಡುವು ಏಳು ದಿನವಾಗಿದೆ, ಕ್ರಮ ಕೈಗೊಳ್ಳಲು ಮೂವತ್ತು ದಿನವಿದ್ದದ್ದು ಐದು ದಿನಕ್ಕೆ ಇಳಿದಿದೆ. ಒಂದೇ ವರ್ಷದಲ್ಲಿ 21 ಲಕ್ಷಕ್ಕೂ ಹೆಚ್ಚು ಸ್ಪ್ಯಾಮ್ ನಂಬರುಗಳನ್ನು ಕಡಿದಿದ್ದೇವೆ ಎಂದು 2025ರ ನವೆಂಬರ್‌ನಲ್ಲಿ ನಿಮ್ಮ ಪ್ರಾಧಿಕಾರ ಹೇಳಿತು. ಫೋನಿನಲ್ಲಿ ಬ್ಲಾಕ್ ಮಾಡಿದರೆ ನಿಮಗಷ್ಟೇ ಮರೆ, ಡಿಎನ್‌ಡಿ ಆ್ಯಪಿನಲ್ಲಿ ದೂರು ಕೊಟ್ಟರೆ ಆ ನಂಬರೇ ಕಡಿತವಾಗುತ್ತದೆ ಎಂಬ ಬುದ್ಧಿಮಾತನ್ನೂ ಸೇರಿಸಿತು. ಒಪ್ಪಿದೆ.

ನನ್ನ ತಕರಾರು ಶುರುವಾಗುವುದೇ ಆ ಬುದ್ಧಿಮಾತಿನಿಂದ. ಡಿಎನ್‌ಡಿ ತಡೆಯುವುದು ನಿಯಮ ಪಾಲಿಸುವವರನ್ನು, ಅಂದರೆ ನೋಂದಾಯಿಸಿಕೊಂಡು 140ರಿಂದ ಶುರುವಾಗುವ ನಂಬರಿನಿಂದ ಕರೆ ಮಾಡುವ ಟೆಲಿಮಾರ್ಕೆಟಿಂಗಿನವರನ್ನು. ನಮ್ಮನ್ನು ಕಾಡುವವರು ನನ್ನ ನಿಮ್ಮಂಥದೇ ಹತ್ತು ಅಂಕಿಯ ನಂಬರಿನಿಂದ ಬರುತ್ತಾರೆ. ಅವರ ಮಟ್ಟಿಗೆ ಡಿಎನ್‌ಡಿ ಪಟ್ಟಿ ಇದ್ದೂ ಇಲ್ಲದಂತೆ. ಅವರನ್ನು ಹಿಡಿಯಬೇಕಾದರೆ ಯಾರಾದರೂ ದೂರು ಕೊಡಬೇಕು. ಹತ್ತು ದಿನದೊಳಗೆ ಐದು ದೂರು ಬಿದ್ದರೆ ಕ್ರಮ. ಮೊದಲಿನ ಏಳು ದಿನಕ್ಕೆ ಹತ್ತು ದೂರಿಗಿಂತ ಇದು ಎಷ್ಟೋ ವಾಸಿ, ನಿಜ.

ನೀವು ರೈಲ್ವೆ ಮಂಡಳಿಯ ಅಧ್ಯಕ್ಷರಾಗಿದ್ದವರು. ಟಿಕೆಟಿಲ್ಲದೆ ಹತ್ತಿದವನನ್ನು ಹಿಡಿಯಲು ರೈಲಿನಲ್ಲಿ ಟಿಸಿ ಬರುತ್ತಾನೆ. ಪಕ್ಕದ ಸೀಟಿನ ಐದು ಮಂದಿ ಹತ್ತು ದಿನದೊಳಗೆ ದೂರು ಕೊಡಲಿ, ಆಮೇಲೆ ನೋಡೋಣ ಎಂದು ರೈಲ್ವೆ ಎಂದೂ ಹೇಳಲಿಲ್ಲ. ಫೋನ್ ಜಾಲದಲ್ಲಿ ಮಾತ್ರ ಟಿಸಿಯ ಕೆಲಸ ಪ್ರಯಾಣಿಕನ ಹೆಗಲಿಗೆ ಯಾಕೆ ಬಂತು?

ದೂರು ಕೊಡುವುದು ಏನು ಕಷ್ಟ ಎನ್ನಬಹುದು. ಕರೆ ಮಾಡಿದ ನಂಬರು, ತಾರೀಕು, ಅವರು ಏನು ಹೇಳಿದರೆಂಬ ಎರಡು ಮಾತು, ಇಷ್ಟು ಸಾಕು ಎಂದು ನಿಯಮವನ್ನು ನೀವೇ ಹಗುರ ಮಾಡಿದ್ದೀರಿ. ಆದರೆ ಇದನ್ನೆಲ್ಲ ಬರೆದು ಕಳಿಸಬೇಕಾದವನು ದ್ರಾಕ್ಷಿ ಸಾಲಿನ ನಡುವೆ ನಿಂತಿದ್ದಾನೆ. ಅವನ ತಾಯಿಯ ಕೈಯಲ್ಲಿರುವುದು ಬಟನ್ ಫೋನು, ಆಕೆಗೆ ಆ್ಯಪಿನ ಮಾತೇ ಇಲ್ಲ. ಗೃಹಲಕ್ಷ್ಮಿಯ ಎರಡು ಸಾವಿರ ಬಂತೋ ಇಲ್ಲವೋ ಎಂದು ಕಾಯುವ ಹೆಣ್ಣುಮಗಳು ಫೋನ್ ಬಂದ ಕೂಡಲೇ ಎತ್ತುತ್ತಾಳೆ, "ಬ್ಯಾಂಕಿನಿಂದ" ಎಂದರೆ ನಂಬುತ್ತಾಳೆ. 1909ಕ್ಕೆ ಒಂದು ಮಿಸ್ಡ್ ಕಾಲ್ ಕೊಟ್ಟರೆ ಅಲ್ಲಿಂದಲೇ ಕನ್ನಡದಲ್ಲಿ ವಾಪಸ್ ಕರೆ ಬಂದು, "ಈಗ ತಾನೇ ಬಂದ ಕರೆಯ ಮೇಲೆ ದೂರು ಇದೆಯೇ? ಹೌದಾದರೆ ಒಂದು ಒತ್ತಿ" ಎಂದು ಕೇಳುವಂತಾಗಲಿ. ಯಾವ ನಂಬರು, ಎಷ್ಟು ಹೊತ್ತಿಗೆ ಎಂಬುದೆಲ್ಲ ಮೊಬೈಲ್ ಕಂಪನಿಯ ದಾಖಲೆಯಲ್ಲಿ ಇದ್ದೇ ಇದೆ. ಅದನ್ನು ಮತ್ತೆ ನಮ್ಮಿಂದ ಬರೆಸಿಕೊಳ್ಳುವುದೇಕೆ?

ಕಂಪನಿಗೆ ಗೊತ್ತಾಗದ ವಿಷಯವೂ ಇದಲ್ಲ. ಒಂದು ಸಿಮ್ಮಿನಿಂದ ದಿನಕ್ಕೆ ನೂರಾರು ಕರೆ ಹೋಗುತ್ತವೆ, ಒಳಬರುವ ಕರೆ ಇಲ್ಲವೇ ಇಲ್ಲ, ಮಾತು ಅರ್ಧ ನಿಮಿಷಕ್ಕೆ ಮುಗಿಯುತ್ತದೆ. ಇದು ಮನುಷ್ಯರ ಬಳಕೆಯಲ್ಲ ಎಂದು ಯಾರಿಗಾದರೂ ತಿಳಿಯುತ್ತದೆ. ಇಂಥ ಲಕ್ಷಣಗಳನ್ನು ಕಂಪನಿಗಳೇ ಕಾದು ನೋಡಬೇಕೆಂದು 2025ರ ತಿದ್ದುಪಡಿ ಹೇಳಿದೆ. ಸ್ಪ್ಯಾಮಿನ ಲೆಕ್ಕ ತಪ್ಪಾಗಿ ಕೊಟ್ಟರೆ ಮೊದಲ ಸಲ 2 ಲಕ್ಷ, ಎರಡನೇ ಸಲ 5 ಲಕ್ಷ, ಮುಂದೆ ಪ್ರತಿ ಸಲ 10 ಲಕ್ಷ ರೂಪಾಯಿ ದಂಡ ಎಂದೂ ಇದೆ. ಕೋಟಿಗಟ್ಟಲೆ ಗ್ರಾಹಕರಿರುವ ಕಂಪನಿಗೆ ಹತ್ತು ಲಕ್ಷ ಯಾವ ಲೆಕ್ಕ? ದಂಡಕ್ಕಿಂತ ಬಹಿರಂಗ ಲೆಕ್ಕಕ್ಕೆ ಅವರು ಹೆಚ್ಚು ಅಂಜುತ್ತಾರೆ. ಕರ್ನಾಟಕ ಟೆಲಿಕಾಂ ವೃತ್ತದಲ್ಲಿ ಕಡಿದ ನಂಬರುಗಳ ಪೈಕಿ ಜನರ ದೂರಿನಿಂದ ಕಡಿದದ್ದೆಷ್ಟು, ಯಾರೂ ದೂರದೆ ಕಂಪನಿಯೇ ಪತ್ತೆಹಚ್ಚಿ ಕಡಿದದ್ದೆಷ್ಟು, ಇದನ್ನು ಕಂಪನಿಯ ಹೆಸರಿನ ಸಮೇತ ತಿಂಗಳಿಗೊಮ್ಮೆ ಕನ್ನಡ ಪತ್ರಿಕೆಗಳಲ್ಲಿ ಪ್ರಕಟಿಸಿ. ಎರಡನೇ ಅಂಕಿ ಮೊದಲನೆಯದನ್ನು ದಾಟಿದ ದಿನ ನಿಮ್ಮ ನಿಯಮ ಕೆಲಸ ಮಾಡಿತೆಂದು ನಾನು ನಂಬುತ್ತೇನೆ.

1600ರ ಸಂಗತಿಗೆ ಬರುತ್ತೇನೆ. ಬ್ಯಾಂಕುಗಳು ಸೇವೆಗಾಗಿ, ಲೇವಾದೇವಿಗಾಗಿ ಮಾಡುವ ಕರೆಗಳೆಲ್ಲ 1600ರಿಂದ ಶುರುವಾಗುವ ನಂಬರಿನಿಂದಲೇ ಬರಬೇಕೆಂದು ನೀವು ಕಟ್ಟಪ್ಪಣೆ ಮಾಡಿದಿರಿ, ವಾಣಿಜ್ಯ ಬ್ಯಾಂಕುಗಳಿಗೆ 2026ರ ಜನವರಿ 1ರ ಗಡುವು ಹಾಕಿದಿರಿ. ನಿಮ್ಮ ಕೆಲಸಗಳಲ್ಲಿ ಹಳ್ಳಿಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಇದೇ. ಸಾಮಾನ್ಯ ಮೊಬೈಲ್ ನಂಬರಿನಿಂದ "ಬ್ಯಾಂಕಿನಿಂದ ಮಾತಾಡುತ್ತಿದ್ದೇನೆ" ಎಂದವನು ಸುಳ್ಳುಗಾರ ಎಂದು ಅಜ್ಜಿಯೂ ಹೇಳಬಹುದು. ಆದರೆ ಅಜ್ಜಿಗೆ ಇದನ್ನು ತಿಳಿಸಬೇಕಲ್ಲ. ಸೈಬರ್ ವಂಚನೆಯ ಎಚ್ಚರಿಕೆಯನ್ನು ಸರ್ಕಾರ ತಿಂಗಳುಗಟ್ಟಲೆ ಕರೆಗಳಿಗೆ ಮುಂಚೆ ದೇಶಕ್ಕೆಲ್ಲ ಕೇಳಿಸಿತು, ಜನ ರೋಸಿಹೋದರು, 2025ರ ಜೂನ್‌ನಲ್ಲಿ ಅದು ನಿಂತಿತು. ಅಷ್ಟು ಉದ್ದದ ಉಪದೇಶ ಬೇಡ. "1600 ಇದ್ದರೆ ಬ್ಯಾಂಕು, ಇಲ್ಲದಿದ್ದರೆ ಅಲ್ಲ" ಎಂಬ ಒಂದು ಸಾಲು ಪಾಸ್‌ಬುಕ್ಕಿನ ರಟ್ಟಿನ ಮೇಲೆ, ರೈತ ಸಂಪರ್ಕ ಕೇಂದ್ರದ ಗೋಡೆಯ ಮೇಲೆ, ಎಪಿಎಂಸಿ ಗೇಟಿನ ಮೇಲೆ ಬರಲಿ.

ಕರೆ ಮಾಡಿದವರ ಹೆಸರು ಪರದೆಯ ಮೇಲೆ ಮೂಡುವ ಸಿಎನ್‌ಎಪಿ ವ್ಯವಸ್ಥೆಯನ್ನು 2024ರ ಫೆಬ್ರುವರಿಯಲ್ಲಿ ನೀವು ಶಿಫಾರಸು ಮಾಡಿದಿರಿ. ಸಿಮ್ ಕೊಳ್ಳುವಾಗ ಕೊಟ್ಟ ಹೆಸರೇ ಅಲ್ಲಿ ಬರುವುದರಿಂದ ಊಹೆಯ ಆ್ಯಪಿಗಿಂತ ಮೇಲು. ಆದರೂ ಹಳ್ಳಿಯ ಕಡೆಯಿಂದ ಒಂದೆರಡು ಮಾತು. ನಮ್ಮಲ್ಲಿ ತಂದೆಯ ಸಿಮ್ ಮಗನ ಹೆಸರಿನಲ್ಲಿ, ಸೊಸೆಯದು ಮಾವನ ಹೆಸರಿನಲ್ಲಿ ಇರುವುದು ಸಾಮಾನ್ಯ. ಪರದೆಯ ಮೇಲೆ ಬಂದ ಹೆಸರನ್ನು ನೋಡಿ ವ್ಯಾಪಾರಿ "ಇವನ್ಯಾರು" ಎಂದು ಕಟ್ ಮಾಡಿದರೆ ನಷ್ಟ ರೈತನಿಗೆ. ಮನೆಯಲ್ಲಿ ಬಳಸುವವರ ಹೆಸರಿಗೆ ಸಿಮ್ ಬದಲಿಸುವ ಕೆಲಸ ಹೋಬಳಿ ಮಟ್ಟದಲ್ಲಿ, ಖರ್ಚಿಲ್ಲದೆ ಆಗಬೇಕು. ಹೆಸರು ಕನ್ನಡದ ಅಕ್ಷರದಲ್ಲೂ ಮೂಡಬೇಕು. ಟೇಲರಿಂಗ್ ಅಂಗಡಿಯ ಹೆಣ್ಣುಮಗಳು ಗಿರಾಕಿಗೆ ಕರೆ ಮಾಡಿದ ಕೂಡಲೇ ಅವಳ ಪೂರ್ತಿ ಹೆಸರು ಗುರುತಿಲ್ಲದವನ ಕೈಗೆ ಸಿಗುವುದರ ಬಗ್ಗೆಯೂ ಯೋಚಿಸಿ. ಇನ್ನು 2ಜಿಯ ಬಟನ್ ಫೋನುಗಳಿಗೆ ಈ ಸೌಲಭ್ಯ ಸದ್ಯಕ್ಕೆ ಇಲ್ಲ ಎಂದಮೇಲೆ, ನನ್ನ ಮೊದಲ ಮಾತು ಇನ್ನಷ್ಟು ಗಟ್ಟಿಯಾಗುತ್ತದೆ: ಕರೆಯನ್ನು ಜಾಲದಲ್ಲೇ ತಡೆಯಬೇಕು, ಫೋನಿಗೆ ಬಂದಮೇಲೆ ಅಲ್ಲ.

ನಮ್ಮ ನಂಬರುಗಳು ಎಲ್ಲಿಂದ ಸೋರುತ್ತವೆ ಎಂಬುದು ಬೇರೆಯೇ ಪುರಾಣ. ಝೆರಾಕ್ಸ್ ಅಂಗಡಿ, ಬಹುಮಾನದ ಕೂಪನ್ನು, ‘ಅರ್ಧ ಗಂಟೆಯಲ್ಲಿ ಸಾಲ’ ಎನ್ನುವ ಆ್ಯಪು. ಅದಕ್ಕೆ 2023ರ ದತ್ತಾಂಶ ರಕ್ಷಣೆ ಕಾಯ್ದೆ ಇದೆ, ಅದರ ಹೊಣೆ ನಿಮ್ಮದಲ್ಲ. ವಾಟ್ಸ್‌ಆ್ಯಪಿನಲ್ಲಿ ಪಿಎಂ ಕಿಸಾನ್ ಹೆಸರು ಹೇಳಿಕೊಂಡು ಬರುವ ನಕಲಿ ಫೈಲುಗಳೂ ನಿಮ್ಮ ಕೈಗೆ ಸಿಗುವಂಥವಲ್ಲ. ಅವನ್ನೆಲ್ಲ ಇಲ್ಲಿ ತರುವುದಿಲ್ಲ.

ನಿಮ್ಮ ಕೈಯಲ್ಲಿ ಇರುವುದನ್ನೇ ಕೇಳುತ್ತೇನೆ. ನಿಮ್ಮ ನಿಯಮದ ಪ್ರಕಾರ ‘ಬೇಡ’ ಎಂದು ಹೇಳದವರೆಲ್ಲ ‘ಬೇಕು’ ಎಂದವರ ಲೆಕ್ಕ. 2007ರಿಂದ ಈ ಬುನಾದಿಯನ್ನು ಯಾರೂ ಅಲುಗಿಸಲಿಲ್ಲ, ಮೇಲೆ ಮಾಳಿಗೆ ಕಟ್ಟುತ್ತ ಹೋದರು. ಫ್ರಾನ್ಸ್ ದೇಶವೂ ಬಹುಕಾಲ ಹೀಗೇ ಪಟ್ಟಿ ಇಟ್ಟುಕೊಂಡು ಏಗಿತು. ಕೊನೆಗೆ 2025ರಲ್ಲಿ ಕಾನೂನು ಮಾಡಿ, 2026ರ ಆಗಸ್ಟ್ 11ರಿಂದ ಮೊದಲೇ ಒಪ್ಪಿಗೆ ಕೊಟ್ಟವರಿಗೆ ಮಾತ್ರ ಮಾರಾಟದ ಕರೆ ಎಂದು ನಿಶ್ಚಯಿಸಿತು. ಇಲ್ಲೂ ಅದೇ ಆಗಲಿ. ಬೇಕಾದವರು 1909ಕ್ಕೆ ಮೆಸೇಜ್ ಕಳಿಸಿ ‘ಬೇಕು’ ಎನ್ನಲಿ. ಸಾಲದ ಕರೆಗಾಗಿ ಹಾತೊರೆದು ಮೆಸೇಜ್ ಕಳಿಸುವವರು ಎಷ್ಟು ಮಂದಿ ಇದ್ದಾರೆಂಬುದೂ ಆಗ ದೇಶಕ್ಕೆ ಗೊತ್ತಾಗುತ್ತದೆ.

ನಮ್ಮ ಕಡೆ ಕಟಾವು ಫೆಬ್ರುವರಿಯಲ್ಲಿ ಶುರುವಾಗುತ್ತದೆ. ಮುಂದಿನ ಕಟಾವಿಗೆ ಮೊದಲು ‘ಒಪ್ಪಿಗೆ ಇಲ್ಲದೆ ಕರೆ ಇಲ್ಲ’ ಎಂಬ ಕರಡು ನಿಯಮವನ್ನು ಹೊರಡಿಸಿ, ಎಲ್ಲ ಭಾಷೆಗಳಲ್ಲಿ ಜನರ ಅಭಿಪ್ರಾಯ ಕೇಳಿ. ಅಲ್ಲಿಯವರೆಗೆ ನಮ್ಮ ಪಾಲಿನ ಕೆಲಸ ನಾವು ಮಾಡುತ್ತೇವೆ. ಇದನ್ನು ಓದಿದವರಲ್ಲೂ ಕೇಳಿಕೊಳ್ಳುತ್ತೇನೆ: ಮಾರಾಟದ ಕರೆ ಬಂದರೆ ಬೈದು ಇಡಬೇಡಿ, ಬರೀ ಬ್ಲಾಕ್ ಮಾಡಿ ಸುಮ್ಮನಾಗಲೂ ಬೇಡಿ. ಏಳು ದಿನದೊಳಗೆ 1909ಕ್ಕೆ ದೂರು ಕೊಡಿ, ಮನೆಯಲ್ಲಿ ಹಿರಿಯರಿದ್ದರೆ ಅವರ ಫೋನಿನಿಂದ ನೀವೇ ಕೊಡಿಸಿ.

ಇಂತಿ,
ಇಟ್ಟಂಗಿಹಾಳದ ಒಬ್ಬ ಗ್ರಾಹಕ