ನಿಯಮ ಎಲ್ಲಿ ತಪ್ಪಿತು?

‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಕಣ್ಣಿಗೆ ಒಂದೇ ಬಗೆಯಾಗಿ ಕಾಣುವುವೆಲ್ಲ ಒಂದೇ ಅಲ್ಲ. ಆದುದರಿಂದ ಹೊರಗಿನ ಲಕ್ಷಣವೊಂದನ್ನು ಕಂಡ ಮಾತ್ರಕ್ಕೆ ತೀರ್ಮಾನಕ್ಕೆ ಬರಬಾರದು ಎಂಬುದು ಇದರ ತಾತ್ಪರ್ಯ. ನಮ್ಮ ಹಿರಿಯರು ಮನುಷ್ಯನಿಗೆ ಹೇಳಿದ ಈ ಬುದ್ಧಿಮಾತು ಇಂದು ಗಣಕಯಂತ್ರಕ್ಕೂ, ಅದಕ್ಕೆ ನಿಯಮಗಳನ್ನು ಬರೆದುಕೊಡುವವರಿಗೂ ಅಷ್ಟೇ ಅಗತ್ಯವಾಗಿದೆ.

ಚಿತ್ರದುರ್ಗ ಜಿಲ್ಲೆಯಲ್ಲಿ, ಹಿರಿಯೂರಿಗೆ ಸಮೀಪವಾಗಿ ಬಬ್ಬೂರು ಎಂಬ ಗ್ರಾಮವಿದೆ. ಮಳೆ ಕಡಮೆಯಾದ ಸೀಮೆಯಿದು. ವೇದಾವತಿ ನದಿಗೆ ಮಾರಿಕಣಿವೆಯಲ್ಲಿ ಕಟ್ಟಿದ, 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರದ ನೀರು ಹಿರಿಯೂರಿನ ಸುತ್ತಣ ಭೂಮಿಯ ಒಂದು ಭಾಗಕ್ಕೆ ಹರಿಯುತ್ತದೆ. ಉಳಿದ ಹೊಲಗಳು ಮುಗಿಲನ್ನೇ ನಂಬಿವೆ. ಒಣ ಸೀಮೆಯ ಬೆಳೆಗಳನ್ನು ಕುರಿತು ಪ್ರಯೋಗ ನಡೆಸುವ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರವೂ ಇಲ್ಲಿದೆ. ಜನರು ಅದನ್ನು ಬಬ್ಬೂರು ಫಾರಂ ಎಂದು ಕರೆಯುತ್ತಾರೆ. ಈ ಜಿಲ್ಲೆಯ ರೈತನಿಗೆ ಶೇಂಗಾ ಬಹು ಮುಖ್ಯವಾದ ಬೆಳೆ.

ಈ ಸೀಮೆಯ ರೈತನೊಬ್ಬನು ತಜ್ಞರ ಬಳಿಗೆ ಬಂದು, ‘ನನ್ನ ಹೊಲದಲ್ಲಿ ಶೇಂಗಾದ ಎಲೆ ಹಳದಿಯಾಗುತ್ತಿದೆ, ಏನು ಮಾಡಲಿ?’ ಎಂದು ಕೇಳಿದನೆಂದು ಭಾವಿಸೋಣ. ಅನುಭವಿಯಾದ ತಜ್ಞನು ಕೂಡಲೇ ಔಷಧಿಯ ಹೆಸರು ಹೇಳುವುದಿಲ್ಲ. ಹಳದಿಯಾದುದು ತುದಿಯ ಎಳೆಯ ಎಲೆಯೋ, ಬುಡದ ಹಳೆಯ ಎಲೆಯೋ? ಎಲೆಯ ನರಗಳೂ ಹಳದಿಯಾಗಿವೆಯೋ, ಅಥವಾ ನರಗಳು ಹಸುರಾಗಿಯೇ ಉಳಿದು ನಡುವಣ ಭಾಗ ಮಾತ್ರ ಬಿಳಿಚಿಕೊಂಡಿದೆಯೋ? ಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚಾಗಿದೆಯೋ? ಹೀಗೆ ಅವನು ಒಂದೊಂದಾಗಿ ಕೇಳುತ್ತಾನೆ. ಸಾರಜನಕದ ಕೊರತೆಯಾದರೆ ಮೊದಲು ಹಳೆಯ ಎಲೆಗಳು ಹಳದಿಯಾಗುತ್ತವೆ. ಗಿಡವು ಅವುಗಳಲ್ಲಿರುವ ಸಾರಜನಕವನ್ನು ಹೀರಿ ಚಿಗುರಿಗೆ ಕಳುಹಿಸುವುದೇ ಇದಕ್ಕೆ ಕಾರಣ. ಕಬ್ಬಿಣದ ಅಂಶವಾದರೋ ಹಾಗೆ ಸುಲಭವಾಗಿ ಚಲಿಸುವುದಿಲ್ಲ. ಆದುದರಿಂದ ಅದರ ಕೊರತೆ ಎಳೆಯ ಎಲೆಗಳಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ. ನರಗಳು ಮಾತ್ರ ಹಸುರಾಗಿರುತ್ತವೆ. ಸುಣ್ಣದ ಅಂಶ ಹೆಚ್ಚಾಗಿರುವ ಕಪ್ಪು ಮಣ್ಣಿನಲ್ಲಿ ಕಬ್ಬಿಣವಿದ್ದರೂ ಅದು ಬೇರಿಗೆ ದಕ್ಕುವುದಿಲ್ಲ. ಅಂಥ ಬೆಳೆಗೆ ಅನ್ನಭೇದಿಯ ದ್ರಾವಣವನ್ನು ಸಿಂಪಡಿಸಬೇಕೇ ಹೊರತು ಯೂರಿಯಾ ಸುರಿದು ಪ್ರಯೋಜನವಿಲ್ಲ. ಬಣ್ಣವೊಂದೇ, ಕಾರಣ ಎರಡು. ಸಲಹೆ ತಪ್ಪಿದರೆ ಗೊಬ್ಬರಕ್ಕೆ ಕೊಟ್ಟ ಹಣವೂ ಹೋಯಿತು, ಬೆಳೆಯನ್ನು ಉಳಿಸಿಕೊಳ್ಳಬಹುದಾಗಿದ್ದ ದಿನಗಳೂ ಹೋದವು.

ತಜ್ಞನ ಇಂಥ ಅರಿವನ್ನು ನಿಯಮಗಳ ರೂಪದಲ್ಲಿ ಗಣಕಯಂತ್ರಕ್ಕೆ ಒಪ್ಪಿಸಬಹುದೇ ಎಂಬ ಪ್ರಶ್ನೆಯಿಂದ ‘ತಜ್ಞ ವ್ಯವಸ್ಥೆ’ಗಳು ಹುಟ್ಟಿದವು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ರೂಪುಗೊಂಡ ‘ಮೈಸಿನ್’ ಇವುಗಳಲ್ಲಿ ಪ್ರಸಿದ್ಧವಾದುದು. ರಕ್ತದ ಸೋಂಕಿಗೆ ಯಾವ ರೋಗಾಣು ಕಾರಣವಿರಬಹುದು, ಯಾವ ಔಷಧಿ ತಕ್ಕುದು ಎಂಬುದನ್ನು ಅದು ಸುಮಾರು 500 ನಿಯಮಗಳ ಆಧಾರದಿಂದ ಊಹಿಸುತ್ತಿತ್ತು. ಇಂಥ ಪ್ರತಿಯೊಂದು ನಿಯಮಕ್ಕೂ ಎರಡು ಭಾಗಗಳಿರುತ್ತವೆ. ‘ಇಂತಿಂಥ ಲಕ್ಷಣಗಳಿದ್ದರೆ’ ಎಂಬುದು ಮೊದಲನೆಯದು. ‘ಇಂಥ ತೀರ್ಮಾನ ಮಾಡು’ ಎಂಬುದು ಎರಡನೆಯದು. ತನ್ನ ಮುಂದಿರುವ ಸಂಗತಿಗಳನ್ನು ಯಂತ್ರವು ಮೊದಲನೆಯ ಭಾಗದೊಡನೆ ಹೋಲಿಸಿ ನೋಡುತ್ತದೆ. ಎಲ್ಲವೂ ಹೊಂದಿಕೊಂಡರೆ ಎರಡನೆಯ ಭಾಗವನ್ನು ನಡೆಸುತ್ತದೆ. ಅದು ಮಾಡುವುದು ಇಷ್ಟೇ. ಅದಕ್ಕೆ ಹೊಲವೂ ಗೊತ್ತಿಲ್ಲ, ಗಿಡವೂ ಗೊತ್ತಿಲ್ಲ. ಬರೆದುಕೊಟ್ಟ ಆಕಾರ ಕೂಡುತ್ತದೆಯೋ ಇಲ್ಲವೋ ಎಂಬುದು ಮಾತ್ರ ಗೊತ್ತು.

ಇದನ್ನು ಯೋಚಿಸುವಾಗಲೆಲ್ಲ ನನಗೆ ನನ್ನ ತರಗತಿಯ ಒಂದು ಪ್ರಸಂಗ ನೆನಪಾಗುತ್ತದೆ. ಬಹಳ ವರ್ಷಗಳ ಹಿಂದೆ ನಾನು ಪ್ರೌಢಶಾಲೆಯೊಂದರಲ್ಲಿ ಕನ್ನಡ ಬೋಧಿಸುತ್ತಿದ್ದೆ. ಸಂಧಿ ಪ್ರಕರಣ ಮುಗಿದಿತ್ತು. ಹುಡುಗನೊಬ್ಬನು ಪರೀಕ್ಷೆಯಲ್ಲಿ ‘ಗುರು’ ಮತ್ತು ‘ಅನ್ನು’ ಎಂಬುವನ್ನು ಕೂಡಿಸಿ ‘ಗುರನ್ನು’ ಎಂದು ಬರೆದಿದ್ದನು. ನಾನು ಕೆಂಪು ಶಾಯಿಯಿಂದ ಅದನ್ನು ಹೊಡೆದುಹಾಕಿ, ಎಲ್ಲರೆದುರು ಗದರಿಸಿ, ‘ಗುರುವನ್ನು’ ಎಂದು ಇಪ್ಪತ್ತು ಬಾರಿ ಬರೆಯುವಂತೆ ಹೇಳಿದೆ. ಅವನು ಮೆಲ್ಲನೆ, ‘ನೀವು ಬರೆಸಿದ ಹಾಗೆಯೇ ಬರೆದೆ, ಸಾರ್’ ಎಂದು ತನ್ನ ಟಿಪ್ಪಣಿ ಪುಸ್ತಕವನ್ನು ಮುಂದಿಟ್ಟನು. ‘ಸ್ವರದ ಮುಂದೆ ಸ್ವರ ಬಂದರೆ ಹಿಂದಿನ ಸ್ವರ ಲೋಪವಾಗುತ್ತದೆ’ ಎಂದು ಅದರಲ್ಲಿತ್ತು. ‘ಅರ್ಥ ಕೆಡದಿದ್ದರೆ’ ಎಂಬ ಮಾತನ್ನು ನಾನು ಬರೆಸಲು ಮರೆತಿದ್ದೆ. ನಿಯಮವನ್ನು ಹುಡುಗನು ಸರಿಯಾಗಿಯೇ ಪಾಲಿಸಿದ್ದನು. ತಪ್ಪು ನಿಯಮದಲ್ಲಿತ್ತು, ನಿಯಮ ನನ್ನದಾಗಿತ್ತು.

ಅಂದು ನಾನು ಆ ಒಂದು ಮಾತನ್ನು ಸೇರಿಸಿ ಸಮಾಧಾನಪಟ್ಟುಕೊಂಡೆ. ಕನ್ನಡ ಮನೆಮಾತಾದ ಹುಡುಗನಿಗೆ ಅಷ್ಟು ಸಾಕು. ‘ಗುರನ್ನು’ ಎಂದಾಗ ಅವನ ಕಿವಿಯೇ ಅದನ್ನು ಒಪ್ಪುವುದಿಲ್ಲ. ಆದರೆ ಯಂತ್ರಕ್ಕೆ ಅದು ಸಾಲದು. ‘ಊರು’, ‘ಗುರು’ ಈ ಎರಡು ಪದಗಳನ್ನು ನೋಡಿರಿ. ಎರಡೂ ‘ರು’ ಎಂಬ ಅಕ್ಷರದಿಂದಲೇ ಕೊನೆಗೊಳ್ಳುತ್ತವೆ. ಊರು ಎಂಬುದಕ್ಕೆ ‘ಅಲ್ಲಿ’ ಸೇರಿದರೆ ಊರಲ್ಲಿ ಎಂದಾಗುತ್ತದೆ. ಬಬ್ಬೂರು ಎಂಬುದೂ ಬಬ್ಬೂರಲ್ಲಿ ಎಂದಾಗುತ್ತದೆ. ಗುರು ಎಂಬುದು ಮಾತ್ರ ತನ್ನ ಉಕಾರವನ್ನು ಬಿಟ್ಟುಕೊಡದೆ, ನಡುವೆ ವಕಾರವನ್ನು ಬರಮಾಡಿಕೊಳ್ಳುತ್ತದೆ. ಹಳಗನ್ನಡದಲ್ಲಿ ‘ಊರ್’ ಎಂದಿದ್ದ ಪದಕ್ಕೆ ಉಚ್ಚಾರಣೆಯ ಅನುಕೂಲಕ್ಕಾಗಿ ಉಕಾರ ಸೇರಿತು. ಸಂಸ್ಕೃತದಿಂದ ಬಂದ ‘ಗುರು’ವಿನಲ್ಲಿ ಉಕಾರವು ಪದದ ಅಂಗವೇ ಆಗಿದೆ. ಕಣ್ಣಿಗೆ ಕಾಣದ ಈ ಭೇದವನ್ನು ಪದದ ಪಕ್ಕದಲ್ಲಿ ಗುರುತು ಹಾಕಿ ತಿಳಿಸದಿದ್ದರೆ ಯಂತ್ರವು ಆ ಹುಡುಗನಂತೆಯೇ ತಪ್ಪುತ್ತದೆ. ಹಳದಿ ಎಲೆಯ ವಿಷಯವೂ ಇದೇ. ತಜ್ಞನು ತನಗೆ ತಿಳಿಯದಂತೆಯೇ ಗಮನಿಸುವ ಸಂಗತಿಯನ್ನು ನಿಯಮದಲ್ಲಿ ಬಾಯಿಬಿಟ್ಟು ಹೇಳಬೇಕು.

ನಿಯಮಗಳು ಸಾಮಾನ್ಯವಾಗಿ ಮೂರು ಬಗೆಯಲ್ಲಿ ತಪ್ಪುತ್ತವೆ. ನಿಯಮದ ಬಲೆ ಅತಿಯಾಗಿ ಅಗಲವಾಗಿರುವುದು ಮೊದಲನೆಯ ಬಗೆ. ‘ಎಲೆ ಹಳದಿಯಾಗಿದ್ದರೆ ಸಾರಜನಕ ಕೊಡು’ ಎಂಬುದು ಇಂಥದು. ಅದು ಸಲ್ಲದ ಗಿಡವನ್ನೂ ಹಿಡಿದುಕೊಳ್ಳುತ್ತದೆ. ಹೊಂದಬೇಕಾದುದು ಹೊಂದದೆ ಹೋಗುವುದು ಎರಡನೆಯದು. ನಿಯಮದಲ್ಲಿ ‘ಕಡಲೆಕಾಯಿ’ ಎಂದು ಬರೆದಿದೆಯೆನ್ನಿ. ಚಿತ್ರದುರ್ಗದ ರೈತನು ‘ಶೇಂಗಾ’ ಎನ್ನುತ್ತಾನೆ. ಇನ್ನೊಬ್ಬನು ‘ನೆಲಗಡಲೆ’ ಎನ್ನುತ್ತಾನೆ. ಮೂರೂ ಒಂದೇ ಎಂದು ಮಗುವಿಗೂ ಗೊತ್ತು. ಆದರೆ ಅಕ್ಷರಗಳನ್ನಷ್ಟೇ ಹೋಲಿಸುವ ಯಂತ್ರಕ್ಕೆ ಅವು ಮೂರು ಬೇರೆ ಬೆಳೆಗಳು. ಆ ನಿಯಮವು ಬಾಯಿ ತೆರೆಯುವುದೇ ಇಲ್ಲ. ತಪ್ಪಾಗಿ ನುಡಿಯುವ ನಿಯಮಕ್ಕಿಂತ ನುಡಿಯದೆ ಕುಳಿತ ನಿಯಮವನ್ನು ಕಂಡುಹಿಡಿಯುವುದು ಕಷ್ಟ.

ಒಂದೇ ಸಂಗತಿಗೆ ಎರಡು ನಿಯಮಗಳು ಹೊಂದಿಕೊಂಡು ಪರಸ್ಪರ ವಿರೋಧಿಸುವುದು ಮೂರನೆಯ ಬಗೆ. ನಮ್ಮ ವೈಯಾಕರಣರಿಗೆ ಈ ತೊಡಕು ಹೊಸದಲ್ಲ. ಸಾಮಾನ್ಯ ನಿಯಮವನ್ನು ಉತ್ಸರ್ಗವೆಂದೂ ವಿಶೇಷ ನಿಯಮವನ್ನು ಅಪವಾದವೆಂದೂ ಕರೆದು, ಎರಡೂ ಒಂದೆಡೆ ಸೇರಿದಾಗ ಅಪವಾದವೇ ಪ್ರಬಲವೆಂದು ಪಾಣಿನಿಯ ಪರಂಪರೆಯವರು ಇತ್ಯರ್ಥ ಮಾಡಿದರು. ಹೆಚ್ಚು ಲಕ್ಷಣಗಳನ್ನು ಕೇಳುವ ನಿಯಮಕ್ಕೆ ಮೊದಲ ಮನ್ನಣೆ ಕೊಡುವ ಪದ್ಧತಿ ಇಂದಿನ ತಜ್ಞ ವ್ಯವಸ್ಥೆಗಳಲ್ಲಿಯೂ ಉಂಟು.

ಹಾಗಾದರೆ ತಪ್ಪಿದ ನಿಯಮವನ್ನು ತಿದ್ದುವ ಬಗೆ ಹೇಗೆ? ತೀರ್ಮಾನದಿಂದ ಹಿಂದಕ್ಕೆ ಹೆಜ್ಜೆ ಹೆಜ್ಜೆಯಾಗಿ ನಡೆಯುವುದೇ ಸರಿಯಾದ ಮಾರ್ಗ. ಈ ಮಾತನ್ನು ಹೇಳಿದ ನಿಯಮ ಯಾವುದು? ಅದರ ಯಾವ ಷರತ್ತಿಗೆ ಯಾವ ಸಂಗತಿ ಹೊಂದಿತು? ಹೇಳಬೇಕಾಗಿದ್ದ ನಿಯಮ ಏಕೆ ಸುಮ್ಮನಿತ್ತು? ಮೈಸಿನ್ ವ್ಯವಸ್ಥೆಯನ್ನು ವೈದ್ಯನು ‘ಏಕೆ?’, ‘ಹೇಗೆ?’ ಎಂದು ಪ್ರಶ್ನಿಸಬಹುದಾಗಿತ್ತು. ತಾನು ಬಳಸಿದ ನಿಯಮವನ್ನು ಅದು ತೋರಿಸುತ್ತಿತ್ತು. ಸ್ಟ್ಯಾನ್‌ಫರ್ಡ್‌ನಲ್ಲಿಯೇ ರಾಂಡಲ್ ಡೇವಿಸ್ ಎಂಬುವರು 1976ರಲ್ಲಿ ‘ಟೈರೀಸಿಯಸ್’ ಎಂಬ ಇನ್ನೊಂದು ವ್ಯವಸ್ಥೆಯನ್ನು ವಿವರಿಸಿದರು. ತೀರ್ಮಾನವನ್ನು ಒಪ್ಪದ ವೈದ್ಯನನ್ನು ಅದು ನಿಯಮದಿಂದ ನಿಯಮಕ್ಕೆ ಹಿಂದಕ್ಕೆ ಕರೆದೊಯ್ದು, ದೋಷವಿದ್ದ ಸ್ಥಳವನ್ನು ಅವನೇ ಗುರುತಿಸಿ ತಿದ್ದಲು ನೆರವಾಗುತ್ತಿತ್ತು. ಅಮೆರಿಕದ ಬಾಹ್ಯಾಕಾಶ ಸಂಸ್ಥೆಯಾದ ನಾಸಾದಲ್ಲಿ 1985ರಲ್ಲಿ ಆರಂಭವಾದ ‘ಕ್ಲಿಪ್ಸ್’ ಎಂಬ ಸಾಧನದಲ್ಲಿಯೂ, ನಿಯಮವೊಂದರ ಹೆಸರು ಹೇಳಿದರೆ ಅದರ ಯಾವ ಷರತ್ತಿಗೆ ಯಾವ ಸಂಗತಿ ಕೂಡಿದೆ ಎಂದು ತೋರಿಸುವ ಆಜ್ಞೆಯುಂಟು. ಹತ್ತಿಪ್ಪತ್ತು ಸಂಗತಿಗಳನ್ನು ಒಮ್ಮೆಗೇ ಸುರಿಯದೆ ಒಂದೆರಡನ್ನು ಮಾತ್ರ ಇಟ್ಟು ಪರೀಕ್ಷಿಸಬೇಕು. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಬೇಕು. ತಿದ್ದಿದ ಮೇಲೆ ಹಿಂದೆ ಸರಿಯಾಗಿ ಬಂದಿದ್ದ ಉತ್ತರಗಳು ಈಗಲೂ ಸರಿಯಾಗಿಯೇ ಬರುತ್ತವೆಯೇ ಎಂದು ನೋಡಬೇಕು. ‘ಗುರುವನ್ನು’ ಸರಿಪಡಿಸಲು ಹೋಗಿ ‘ಊರಲ್ಲಿ’ಯನ್ನು ಕೆಡಿಸಿದರೆ ಫಲವೇನು?

‘ಇಷ್ಟು ಶ್ರಮವೇಕೆ? ತಪ್ಪು ಕಂಡಾಗಲೆಲ್ಲ ಅದಕ್ಕೆಂದೇ ಒಂದು ಹೊಸ ನಿಯಮವನ್ನು ಸೇರಿಸಿದರಾಯಿತು’ ಎಂದು ಕೆಲವರು ಹೇಳಬಹುದು. ಹರಿದ ಬಟ್ಟೆಗೆ ತೇಪೆ ಹಾಕಿದಂತೆ, ಅಂದಿನ ಮಟ್ಟಿಗೆ ಅದು ಕೆಲಸವನ್ನು ಸಾಗಿಸೀತು. ಆದರೆ ಮೂಲದಲ್ಲಿರುವ ದೋಷ ಹಾಗೆಯೇ ಉಳಿಯುತ್ತದೆ. ಹೊಸ ನಿಯಮವು ಹಳೆಯ ಇನ್ನೊಂದರೊಡನೆ ಕಲಹಕ್ಕೆ ನಿಲ್ಲುತ್ತದೆ. ಗಣಕಯಂತ್ರಗಳ ಬಿಡಿಭಾಗಗಳನ್ನು ಗ್ರಾಹಕರ ಬೇಡಿಕೆಗೆ ತಕ್ಕಂತೆ ಜೋಡಿಸಲು 1980ರ ದಶಕದಲ್ಲಿ ಬಳಕೆಯಲ್ಲಿದ್ದ ‘ಎಕ್ಸ್‌ಕಾನ್’ ಎಂಬ ವ್ಯವಸ್ಥೆಯ ನಿಯಮಗಳು ಸಾವಿರಾರು ಸಂಖ್ಯೆಗೆ ಬೆಳೆದವು. ಅದು ಬಹು ಉಪಯುಕ್ತವಾಗಿತ್ತು ನಿಜ. ಆದರೆ ಅಷ್ಟೊಂದು ನಿಯಮಗಳನ್ನು ತಿದ್ದುತ್ತ ಕಾಪಾಡಿಕೊಳ್ಳುವುದೇ ಒಂದು ದೊಡ್ಡ ಹೊರೆಯಾಯಿತು. ನಿಯಮಗಳು ಹೆಚ್ಚಿದ ಮಾತ್ರಕ್ಕೆ ವಿವೇಕ ಹೆಚ್ಚುವುದಿಲ್ಲ.

ಇಂದು ಲಕ್ಷಾಂತರ ಉದಾಹರಣೆಗಳಿಂದ ತಾವೇ ಕಲಿತುಕೊಳ್ಳುವ ಗಣಕ ವ್ಯವಸ್ಥೆಗಳು ಬಂದಿವೆ. ಎಲೆಯ ಚಿತ್ರವನ್ನು ನೋಡಿ ರೋಗದ ಹೆಸರು ಹೇಳುವುವೂ ಇವೆ. ಇನ್ನು ನಿಯಮಗಳ ಮಾತೇಕೆ ಎಂದು ನೀವು ಕೇಳಬಹುದು. ಅವುಗಳ ಸಾಮರ್ಥ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ತಾವು ಹಾಗೆ ಹೇಳಿದುದೇಕೆ ಎಂಬುದನ್ನು ಅವು ಸ್ಪಷ್ಟವಾಗಿ ತೋರಿಸುವುದು ಕಷ್ಟ. ನಿಯಮವು ತಪ್ಪಿದಾಗ, ತಪ್ಪಿದ ಸ್ಥಳದ ಮೇಲೆ ಬೆರಳಿಟ್ಟು ತೋರಿಸಬಹುದು. ಬೆಳೆಯನ್ನು ಕಳೆದುಕೊಂಡ ರೈತನು ‘ಹೀಗೇಕೆ ಹೇಳಿದಿರಿ?’ ಎಂದು ಕೇಳಿದಾಗ ಉತ್ತರ ಕೊಡಬಲ್ಲ ವ್ಯವಸ್ಥೆಯೇ ಅವನ ನಂಬಿಕೆಗೆ ಅರ್ಹವಾದುದು ಎಂಬುದು ನನ್ನ ಅಭಿಪ್ರಾಯ.

ತಪ್ಪು ನಡೆದಾಗ ಅದನ್ನು ನಡೆಸಿದವನ ಮೇಲೆ ಕೋಪಗೊಳ್ಳುವುದು ಸುಲಭ. ‘ಯಂತ್ರ ಕೆಟ್ಟಿದೆ’ ಎನ್ನುತ್ತೇವೆ, ‘ಹುಡುಗ ದಡ್ಡ’ ಎನ್ನುತ್ತೇವೆ. ನಾವು ಕೊಟ್ಟ ನಿಯಮವನ್ನು ಒಮ್ಮೆ ತೆಗೆದು ನೋಡುವುದು ಮಾತ್ರ ಕಷ್ಟ. ಅದಕ್ಕೆ ಬುದ್ಧಿಗಿಂತಲೂ ವಿನಯ ಹೆಚ್ಚಾಗಿ ಬೇಕು. ಆ ದಿನ ಹುಡುಗನು ತನ್ನ ಪುಸ್ತಕವನ್ನು ಮುಂದಿಡುವ ಧೈರ್ಯ ಮಾಡದಿದ್ದರೆ, ಅದೇ ಕುಂದುಳ್ಳ ನಿಯಮವನ್ನು ನಾನು ಮುಂದಿನ ವರ್ಷದ ಮಕ್ಕಳಿಗೂ ಬರೆಸುತ್ತಿದ್ದೆ. ಅವನು ಬರೆದ ಇಪ್ಪತ್ತು ಸಾಲುಗಳನ್ನು ನಾನು ಬರೆಯಬೇಕಾಗಿತ್ತು. ಮುಂದೆ ನಿಮ್ಮಲ್ಲಿ ಕೆಲವರು ಗಣಕಯಂತ್ರಗಳಿಗೆ ನಿಯಮ ಬರೆಯುವಿರಿ; ಕೆಲವರು ಮಕ್ಕಳಿಗೆ, ಕೆಲವರು ಊರಿಗೆ, ಕೆಲವರು ನಾಡಿಗೆ ನಿಯಮಗಳನ್ನು ಮಾಡುವಿರಿ. ನಿಯಮ ತಪ್ಪಿದೆಯೆಂದು ಯಾರಾದರೂ ಪುಸ್ತಕವನ್ನು ಮುಂದಿಟ್ಟಾಗ ಅದನ್ನು ಓದಿ ನೋಡಿರಿ.