ಅಪ್ಪ-ಮಗನ ನಡುವೆ ಎಷ್ಟು ದಿನ ಪೋಸ್ಟ್‌ಮ್ಯಾನ್ ಆಗಿರ್ತೀರಿ?

"ಅಮ್ಮಾ, ಅಪ್ಪಂಗೆ ಹೇಳು, ಫೀಸ್ ಕಟ್ಟೋಕೆ ನಾಳೆನೇ ಲಾಸ್ಟ್ ಡೇಟು."

"ನೋಡೇ, ನಿನ್ನ ಮಗರಾಯಂಗೆ ಹೇಳು, ರಾತ್ರಿ ಹತ್ತು ಗಂಟೆಯೊಳಗೆ ಮನೆ ಸೇರ್ಬೇಕು ಅಂತ."

ಇಬ್ಬರೂ ಕೂತಿರುವುದು ಒಂದೇ ಹಾಲಿನಲ್ಲಿ. ಒಬ್ಬರ ಕೈಯಲ್ಲಿ ಪೇಪರ್, ಇನ್ನೊಬ್ಬರ ಕೈಯಲ್ಲಿ ಮೊಬೈಲ್. ನಡುವೆ ಇರುವುದು ನಾಲ್ಕಡಿ ದೂರ. ಆದರೆ ಮಾತು ಮಾತ್ರ ಅಡುಗೆಮನೆ ಸುತ್ತಿ ಬರಬೇಕು! ಒಗ್ಗರಣೆ ಸಿಡಿಯುತ್ತಿರುವಾಗಲೇ ನೀವು ಆ ಕಡೆಯ ಮಾತನ್ನು ಈ ಕಡೆಗೆ, ಈ ಕಡೆಯದನ್ನು ಆ ಕಡೆಗೆ ದಾಟಿಸುತ್ತೀರಿ. ದಾಟಿಸುವಾಗ ಒಂಚೂರು ಸಕ್ಕರೆಯನ್ನೂ ಬೆರೆಸುತ್ತೀರಿ. ಅವರು "ದಂಡಪಿಂಡ" ಅಂದದ್ದು ನಿಮ್ಮ ಬಾಯಲ್ಲಿ "ಅಪ್ಪ ಸ್ವಲ್ಪ ಬೇಜಾರು ಮಾಡ್ಕೊಂಡಿದಾರೆ ಕಣೋ" ಆಗುತ್ತದೆ. ಅವನು "ಅವರಿಗೇನ್ ಗೊತ್ತಾಗತ್ತೆ" ಅಂದದ್ದು "ಅವನಿಗೆ ನಿಮ್ಮ ಹತ್ರ ಮಾತಾಡೋಕೆ ಸಂಕೋಚ ಕಣ್ರೀ" ಆಗುತ್ತದೆ.

ಮನೆ ಶಾಂತವಾಗಿರಲಿ ಅಂತ ತಾನೇ ನೀವು ಇಷ್ಟೆಲ್ಲಾ ಮಾಡುವುದು? ನಿಜ. ಆದರೆ ಒಂದು ಪ್ರಶ್ನೆ ಕೇಳಿಕೊಳ್ಳಿ. ನಾಳೆ ನೀವಿಲ್ಲದಿದ್ದರೆ ಇವರಿಬ್ಬರ ಗತಿ ಏನು?

ಕೇಳಲು ಕಹಿಯಾದ ಪ್ರಶ್ನೆ. ಇದನ್ನು ಸದ್ದಿಲ್ಲದೆ ನಮ್ಮ ಮುಂದಿಟ್ಟ ಕನ್ನಡ ಸಿನಿಮಾ ಒಂದಿದೆ. 2016ರ ಜೂನ್‌ನಲ್ಲಿ ತೆರೆಗೆ ಬಂದ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು'. ಹೇಮಂತ್ ಎಂ. ರಾವ್ ನಿರ್ದೇಶನದ ಮೊದಲ ಚಿತ್ರ. ಅಪ್ಪನಾಗಿ ಅನಂತನಾಗ್, ಮಗನಾಗಿ ರಕ್ಷಿತ್ ಶೆಟ್ಟಿ. ಆಗಲೇ ನೋಡಿದ್ದರೂ ಮತ್ತೊಮ್ಮೆ ನೋಡಿ, ಈ ಸಲ ಮನೆಮಂದಿಯನ್ನೆಲ್ಲಾ ಪಕ್ಕದಲ್ಲಿ ಕೂರಿಸಿಕೊಂಡು.

ಕಾಣೆಯಾಗಿದ್ದಾರೆ!

ಕಥೆ ಸರಳ. ವೆಂಕೋಬ್ ರಾವ್ ಅವರಿಗೆ ಅರುವತ್ತು ದಾಟಿದೆ. ಅಲ್ಝೈಮರ್ಸ್, ಅಂದರೆ ಮರೆವಿನ ಕಾಯಿಲೆ. ಹೆಂಡತಿ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದಾರೆ. ಒಬ್ಬನೇ ಮಗ ಶಿವ ಅಪ್ಪನನ್ನು ಬೆಂಗಳೂರಿನ ಆರೈಕೆ ಕೇಂದ್ರವೊಂದರಲ್ಲಿ ಬಿಟ್ಟು ಮುಂಬೈಯಲ್ಲಿ ಕೆಲಸದಲ್ಲಿದ್ದಾನೆ. ಅಪ್ಪನನ್ನು ಕಂಡರೆ ಅವನಿಗೆ ದ್ವೇಷವೇನಿಲ್ಲ. ಆದರೆ ಅಸಹನೆ ಇದೆ, ಅವಸರ ಇದೆ. ಬೆಂಗಳೂರಿಗೆ ಬಂದವನು ಅಪ್ಪನನ್ನು ಹೊರಗೆ ಕರೆದುಕೊಂಡು ಹೋದ ದಿನ, ಅವನ ಒಂದು ಅಜಾಗರೂಕತೆಯಿಂದ ಅಪ್ಪ ಕಾಣೆಯಾಗುತ್ತಾರೆ.

ಮುಂದೆ ಎರಡು ದಾರಿಯಲ್ಲಿ ಸಿನಿಮಾ ಸಾಗುತ್ತದೆ. ಒಂದು ಕಡೆ ಶಿವ ಮತ್ತು ಆರೈಕೆ ಕೇಂದ್ರದ ಡಾಕ್ಟರ್ ಸಹನಾ (ಶ್ರುತಿ ಹರಿಹರನ್) ಊರೆಲ್ಲಾ ಹುಡುಕುತ್ತಾರೆ. ಇನ್ನೊಂದು ಕಡೆ ಏನೂ ಅರಿಯದ ಈ ಮುದುಕರು ಹೆಣ ಸಾಗಿಸುತ್ತಿರುವ ರೌಡಿ ರಂಗನ (ವಸಿಷ್ಠ ಸಿಂಹ) ಕೈಗೆ ಸಿಕ್ಕಿಬಿಡುತ್ತಾರೆ. ಕೊನೆಗೆ ಏನಾಯ್ತು ಅಂತ ಇಲ್ಲಿ ಹೇಳುವುದಿಲ್ಲ. ನೋಡದವರಿಗೆ ಯಾಕೆ ನಿರಾಸೆ ಮಾಡಬೇಕು?

ಹೆಸರನ್ನು ಗಮನಿಸಿದಿರಾ? ದೂರದರ್ಶನದಲ್ಲಿ, ಪತ್ರಿಕೆಯ ಮೂಲೆಯಲ್ಲಿ ಬರುವ 'ಕಾಣೆಯಾಗಿದ್ದಾರೆ' ಪ್ರಕಟಣೆಯ ಸಾಲು ಅದು. ಎತ್ತರ ಇಷ್ಟು, ಗೋಧಿ ಬಣ್ಣ, ಸಾಧಾರಣ ಮೈಕಟ್ಟು, ತೊಟ್ಟ ಅಂಗಿ ಇಂಥದ್ದು. ಅರುವತ್ತು ವರ್ಷ ಬಾಳಿದ ಮನುಷ್ಯ ಇಷ್ಟೇನಾ? ಅಪ್ಪನನ್ನು ಹುಡುಕುತ್ತಾ ಹೋದ ಮಗನಿಗೆ ಸಿಗುವುದೂ ಇದೇ ಪ್ರಶ್ನೆ. ಅಪ್ಪನನ್ನು ದಿನವೂ ನೋಡಿಕೊಳ್ಳುವ ಡಾಕ್ಟರಿಗೆ ಗೊತ್ತಿರುವಷ್ಟು ಕೂಡ ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೆ ಗೊತ್ತಿಲ್ಲ!

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ನಿಮ್ಮ ಮಗನಿಗೆ ಒಂದು ಹಾಳೆ ಕೊಟ್ಟು "ಅಪ್ಪನ ಬಗ್ಗೆ ಹತ್ತು ಸಾಲು ಬರಿಯೋ" ಅನ್ನಿ. ಕೆಲಸ, ಆಫೀಸು, ಸ್ಕೂಟರ್ ನಂಬರ್ ಬಿಟ್ಟು ಬೇರೆ ಏನು ಬರೆಯುತ್ತಾನೆ? ಅವರು ಕಾಲೇಜಲ್ಲಿದ್ದಾಗ ಏನಾಗಬೇಕು ಅಂದುಕೊಂಡಿದ್ದರು, ಯಾವ ಹಾಡು ಕೇಳಿದರೆ ಕಣ್ಣು ಒದ್ದೆಯಾಗುತ್ತದೆ, ತಮ್ಮ ಅಪ್ಪ ತೀರಿಕೊಂಡ ದಿನ ಹೇಗಿದ್ದರು... ಇವೆಲ್ಲಾ ನಿಮಗೆ ಗೊತ್ತು. ಅವನಿಗೆ?

ಸೇತುವೆ ಬಿದ್ದರೆ...

ಈ ಸಿನಿಮಾದಲ್ಲಿ ಅಮ್ಮ ಪುಷ್ಪ ಇಲ್ಲ. ನನ್ನ ಪ್ರಕಾರ ಇಡೀ ಕಥೆಯ ಬೇರು ಇರುವುದು ಅಲ್ಲೇ. ಎಷ್ಟೋ ಮನೆಗಳಲ್ಲಿ ಅಪ್ಪ-ಮಗ ಎರಡು ದಡಗಳು, ಅಮ್ಮ ಸೇತುವೆ. ಸೇತುವೆ ಗಟ್ಟಿಯಾಗಿದ್ದಷ್ಟು ದಿನ ಯಾರೂ ನೀರಿಗಿಳಿದು ಈಜು ಕಲಿಯುವುದಿಲ್ಲ. ಒಂದು ದಿನ ಸೇತುವೆ ಕುಸಿಯಿತು ಅನ್ನಿ, ಇವರು ಈ ದಡದಲ್ಲಿ, ಅವರು ಆ ದಡದಲ್ಲಿ. ಫೋನ್ ಮಾಡಿದರೂ "ಊಟ ಆಯ್ತಾ?" "ಹೂಂ." "ಮಳೆ ಇದೆಯಾ?" "ಇಲ್ಲ." ಮುಗೀತು.

ಹಾಗಂತ ತಪ್ಪೆಲ್ಲಾ ಅಮ್ಮಂದಿರದ್ದು ಅನ್ನುತ್ತಿಲ್ಲ. ಗಂಡಸು ಅಳಬಾರದು, ಮಕ್ಕಳನ್ನು ಎದುರೆದುರೇ ಮುದ್ದು ಮಾಡಿದರೆ ಕೆಟ್ಟುಹೋಗುತ್ತಾರೆ ಅಂತ ಹೇಳಿಸಿಕೊಂಡೇ ನಮ್ಮ ಗಂಡಂದಿರು ಬೆಳೆದರು. ಪ್ರೀತಿಯನ್ನು ಅವರು ಫೀಸ್ ಕಟ್ಟಿ, ಬೈಕಿಗೆ ಪೆಟ್ರೋಲ್ ಹಾಕಿಸಿ ತೋರಿಸಿದರೇ ಹೊರತು ಬಾಯಿಬಿಟ್ಟು ಹೇಳಲಿಲ್ಲ. ಆದರೆ ನಾವು ಮಾಡುವ ಕೆಲವು ಕೆಲಸ ಆ ಗೋಡೆಗೆ ಇನ್ನೊಂದು ಇಟ್ಟಿಗೆ ಇಡುತ್ತದೆ ಅನ್ನುವುದೂ ನಿಜ.

"ಇರು, ಅಪ್ಪ ಬರ್ಲಿ, ಹೇಳ್ತೀನಿ" ಎಂಬ ಮಾತನ್ನೇ ತಗೊಳ್ಳಿ. ನಮಗೆ ಅದು ಒಂದು ಸಂಜೆಯ ಉಪಾಯ. ಆದರೆ ಐದು ವರ್ಷದ ಹುಡುಗನಿಗೆ ಅಪ್ಪ ಅಂದರೆ ಸಂಜೆ ಬರುವ ಪೊಲೀಸ್ ಆಗಿಬಿಡುತ್ತಾರೆ. ಕಡಿಮೆ ಮಾರ್ಕ್ಸ್ ಬಂದ ಕಾರ್ಡನ್ನು ಬಚ್ಚಿಡುವುದು, "ಅಪ್ಪಂಗೆ ಗೊತ್ತಾಗೋದು ಬೇಡ" ಅಂತ ಕೈಗೆ ಐನೂರು ತುರುಕುವುದು, ಗಂಡನ ಮೇಲಿನ ಸಿಟ್ಟನ್ನು ಮಗನ ಮುಂದೆ ತೋಡಿಕೊಳ್ಳುವುದು... ಮಗ ಆ ಕ್ಷಣಕ್ಕೆ ನಮ್ಮ ಪಾರ್ಟಿ ಆಗುತ್ತಾನೆ. ಅಪ್ಪನಿಂದ ಮಾತ್ರ ಇನ್ನೊಂದು ಹೆಜ್ಜೆ ದೂರ ಸರಿಯುತ್ತಾನೆ.

ಆಶ್ರಮಕ್ಕೆ ಬಿಟ್ಟದ್ದು ತಪ್ಪಾ?

ಈ ಸಿನಿಮಾ ನೋಡಿದವರು ಜಗಳವಾಡುವ ವಿಷಯ ಇದು. "ಹೆತ್ತ ಅಪ್ಪನನ್ನು ಹೊರಗೆ ಬಿಟ್ಟ, ಇವನೆಂಥ ಮಗ" ಅನ್ನುವವರಿದ್ದಾರೆ. ಸ್ವಲ್ಪ ತಡೆಯಿರಿ. ಮರೆವಿನ ಕಾಯಿಲೆಯವರನ್ನು ಮನೆಯಲ್ಲಿ ನೋಡಿಕೊಳ್ಳುವುದು ಅಂದರೆ ಏನು ಅನ್ನುವುದು ಮಾಡಿದವರಿಗೇ ಗೊತ್ತು. ರಾತ್ರಿ ಎರಡು ಗಂಟೆಗೆ ಎದ್ದು "ಆಫೀಸಿಗೆ ಲೇಟಾಯ್ತು" ಅಂತ ಬಾಗಿಲು ತೆಗೆಯುತ್ತಾರೆ. ಊಟ ಮಾಡಿ ಕೈ ತೊಳೆದ ಹತ್ತು ನಿಮಿಷಕ್ಕೆ "ಇನ್ನೂ ಊಟ ಹಾಕಿಲ್ಲ" ಅಂತಾರೆ. ಇದನ್ನೆಲ್ಲಾ ಸಂಭಾಳಿಸುವವರು ಯಾರು? ಹತ್ತರಲ್ಲಿ ಎಂಟು ಸಲ ಮಗ ಅಲ್ಲ, ಸೊಸೆ. ಅಂದರೆ ನೀವು.

ಸಿನಿಮಾ ಕೂಡ ಆರೈಕೆ ಕೇಂದ್ರವನ್ನು ರಾಕ್ಷಸರ ಮನೆಯಂತೆ ತೋರಿಸುವುದಿಲ್ಲ. ಅಲ್ಲಿ ಸಹನಾಳಂಥ ಡಾಕ್ಟರ್ ಇದ್ದಾಳೆ, ಪ್ರೀತಿ ಇದೆ. ಶಿವನ ತಪ್ಪು ಅಪ್ಪನನ್ನು ಅಲ್ಲಿ ಬಿಟ್ಟದ್ದಲ್ಲ, ಬಿಟ್ಟಲ್ಲಿಗೆ ತನ್ನ ಕೆಲಸ ಮುಗಿಯಿತು ಅಂದುಕೊಂಡದ್ದು. ಮನೆಯಲ್ಲೇ ಇಟ್ಟುಕೊಂಡು ಮೂಲೆಯ ಕೋಣೆಗೆ ತಟ್ಟೆ ತಳ್ಳುವವರೂ ಇದೇ ತಪ್ಪು ಮಾಡುತ್ತಿದ್ದಾರಲ್ವೇ? ಹಾಗಾಗಿ ಎಲ್ಲಿ ಅನ್ನುವುದಕ್ಕಿಂತ ಹೇಗೆ ಅನ್ನುವುದು ಮುಖ್ಯ. "ನಾನು ದುಡಿದು ತರ್ತೀನಿ, ನೀನು ನೋಡ್ಕೋ" ಅನ್ನುವ ಗಂಡನಿಗೆ, ಅಪ್ಪನ ಸ್ನಾನ, ಔಷಧಿ, ಸಂಜೆಯ ವಾಕಿಂಗ್‌ನಲ್ಲಿ ಒಂದನ್ನಾದರೂ ಒಪ್ಪಿಸಿ. ಇದು ಬರೀ ನಿಮ್ಮ ಭಾರ ಇಳಿಸಿಕೊಳ್ಳುವ ಮಾತಲ್ಲ. ಅಪ್ಪನ ಬೆನ್ನು ತಿಕ್ಕುವಾಗ ಮಗನ ಬಾಯಿಗೆ ಬರುವ ಮಾತು ಹಾಲಿನ ಸೋಫಾದಲ್ಲಿ ಬರುವುದಿಲ್ಲ.

ಮರೆವು ಯಾವಾಗ ಕಾಯಿಲೆ?

ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುವುದು ನಮಗೂ ಇದ್ದದ್ದೇ. ಆದರೆ ಹತ್ತಾರು ವರ್ಷ ಓಡಾಡಿದ ರಸ್ತೆಯಲ್ಲಿ ದಾರಿ ತಪ್ಪುವುದು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ಹಣದ ಲೆಕ್ಕ ತಪ್ಪುವುದು, ಕನ್ನಡಕ ಫ್ರಿಜ್ಜಿನೊಳಗೆ ಸಿಗುವುದು, ಶಾಂತವಾಗಿದ್ದವರು ಇದ್ದಕ್ಕಿದ್ದಂತೆ ಸಿಡುಕುವುದು ಅಥವಾ ಅನುಮಾನ ಪಡುವುದು... ಇವನ್ನು "ವಯಸ್ಸಾಯ್ತಲ್ಲ" ಅಂತ ತಳ್ಳಿಹಾಕಬೇಡಿ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ ನಮ್ಮ ದೇಶದಲ್ಲಿ 60 ದಾಟಿದವರ ಪೈಕಿ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ. ಅದರಲ್ಲಿ ಹೆಚ್ಚಾಗಿ ಕಾಣುವುದು ಅಲ್ಝೈಮರ್ಸ್.

ಅಲ್ಝೈಮರ್ಸ್ ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲ. ಲಕ್ಷಣಗಳನ್ನು ಸ್ವಲ್ಪ ಕಾಲ ಹತೋಟಿಯಲ್ಲಿಡಬಹುದು. ಆದರೆ ಎಲ್ಲ ಮರೆವೂ ಅಲ್ಝೈಮರ್ಸ್ ಅಲ್ಲ ಅನ್ನುವುದು ನೆನಪಿರಲಿ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆಯಿಂದಲೂ ಮರೆವು ಬರುತ್ತದೆ, ಇವಕ್ಕೆ ಚಿಕಿತ್ಸೆ ಇದೆ. ಅದಕ್ಕೇ ಡಾಕ್ಟರಿಗೆ ಬೇಗ ತೋರಿಸಬೇಕು. ಈ ಕಾಯಿಲೆಯಲ್ಲಿ ಮೊದಲು ಅಳಿಸಿಹೋಗುವುದು ಇತ್ತೀಚಿನ ನೆನಪು. ಹಳೆಯದು ತುಂಬಾ ದಿನ ಉಳಿಯುತ್ತದೆ. ಬೆಳಿಗ್ಗೆ ತಿಂದ ತಿಂಡಿ ಮರೆತವರಿಗೆ ಮದುವೆ ದಿನ ಹೆಂಡತಿ ಉಟ್ಟ ಸೀರೆಯ ಬಣ್ಣ ನೆನಪಿರಬಹುದು. ಅಂದರೆ ಮಾತಾಡಲು ಇನ್ನೂ ಒಂದು ಬಾಗಿಲು ತೆರೆದಿದೆ. ಆದರೆ ಅದೂ ಸದಾ ತೆರೆದಿರುವುದಿಲ್ಲ.

ನೀವೇನು ಮಾಡಬಹುದು?

* ಅಂಚೆ ಕೆಲಸಕ್ಕೆ ಮೆಲ್ಲಗೆ ರಾಜೀನಾಮೆ ಕೊಡಿ. "ಅಪ್ಪಂಗೆ ಹೇಳಮ್ಮ" ಅಂದಾಗ "ಅಲ್ಲೇ ಕೂತಿದ್ದಾರಲ್ಲ, ನೀನೇ ಹೇಳು" ಅನ್ನಿ. ಮೊದಲ ವಾರ ಇಬ್ಬರಿಗೂ ಕಸಿವಿಸಿ. ಆಗಲಿ ಬಿಡಿ.

* ಇಬ್ಬರಿಗೂ ಸೇರಿ ಒಂದು ಕೆಲಸ ಕೊಡಿ. ಭಾನುವಾರದ ತರಕಾರಿ, ಬ್ಯಾಂಕಿನ ಕೆಲಸ, ಕೆಟ್ಟ ಮಿಕ್ಸಿ ರಿಪೇರಿ. ಗಂಡಸರು ಎದುರುಬದುರು ಕೂತು ಮಾತಾಡುವುದಕ್ಕಿಂತ ಪಕ್ಕಪಕ್ಕದಲ್ಲಿ ಕೆಲಸ ಮಾಡುತ್ತಾ ಮಾತಾಡುವುದು ಹೆಚ್ಚು.

* ಅಪ್ಪನ ಕಥೆಗಳನ್ನು ಮಗನಿಗೆ ಹೇಳಿ. ಗೆದ್ದ ಕಥೆ ಮಾತ್ರ ಅಲ್ಲ, ಫೇಲಾದದ್ದು, ಹೆದರಿದ್ದು, ಅತ್ತದ್ದು ಕೂಡ.

* ಮಗನ ಮುಂದೆ ಗಂಡನನ್ನು, ಗಂಡನ ಮುಂದೆ ಮಗನನ್ನು ಹೀಗಳೆಯಬೇಡಿ. ಆದರೆ ಹೊಡೆತ, ಕುಡಿತ, ಅವಮಾನ ಇದ್ದರೆ ಅದಕ್ಕೆ ಸಕ್ಕರೆ ಬೆರೆಸಬೇಡಿ. ಅಲ್ಲಿ ಮಗನ ಪರ ಗಟ್ಟಿಯಾಗಿ ನಿಲ್ಲಿ. ಅಂಥ ಅಪ್ಪನ ಜೊತೆ ರಾಜಿಯಾಗು ಅಂತ ಮಗನನ್ನು ಒತ್ತಾಯಿಸುವುದು ನ್ಯಾಯವಲ್ಲ.

* ಮನೆಯಲ್ಲಿ ಮರೆವಿನ ಹಿರಿಯರಿದ್ದರೆ ವಾದಕ್ಕಿಳಿಯಬೇಡಿ. "ಆಗ್ಲೇ ಹೇಳಿದ್ನಲ್ಲ" ಅಂದರೆ ಅವರಿಗೆ ನೆನಪಾಗುವುದಿಲ್ಲ, ನೋವಾಗುತ್ತದೆ ಅಷ್ಟೇ. ಹೆಸರು, ನಿಮ್ಮ ಫೋನ್ ನಂಬರ್ ಇರುವ ಬಳೆ ಅಥವಾ ಕಾರ್ಡ್ ಅವರ ಮೈಮೇಲಿರಲಿ. ಈಚಿನ ಫೋಟೋ ನಿಮ್ಮ ಮೊಬೈಲಿನಲ್ಲಿರಲಿ.

* ಕಾಣೆಯಾದರೆ 24 ಗಂಟೆ ಕಾಯಬೇಕು ಅನ್ನುವುದು ಬರೀ ತಪ್ಪು ತಿಳಿವಳಿಕೆ. ತಕ್ಷಣ 112ಕ್ಕೆ ಫೋನ್ ಮಾಡಿ, ಹತ್ತಿರದ ಠಾಣೆಯಲ್ಲಿ ದೂರು ಕೊಡಿ. ಹಿರಿಯರ ಸಹಾಯವಾಣಿ 14567. ನೋಡಿಕೊಳ್ಳುವ ನಿಮಗೇ ಸಾಕಾಗಿ ಹೋಗಿದ್ದರೆ ಟೆಲಿ-ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ ಮಾತಾಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಹಿರಿಯರಿಗಾಗಿಯೇ ಚಿಕಿತ್ಸಾ ವಿಭಾಗವಿದೆ.

ಈ ಸಿನಿಮಾ 2018ರಲ್ಲಿ ಪ್ರಕಾಶ್ ರಾಜ್ ಅಭಿನಯದಲ್ಲಿ ತಮಿಳಿಗೂ ಹೋಯಿತು. ಹೋಗದೇ ಇರುತ್ತದೆಯೇ? ಭಾಷೆ ಯಾವುದಾದರೇನು, ಅಪ್ಪ-ಮಗನ ಮೌನ ಎಲ್ಲ ಮನೆಯಲ್ಲೂ ಒಂದೇ. ಶಿವ ಅಪ್ಪನನ್ನು ಹುಡುಕಲು ಹೊರಟಾಗ ಅಪ್ಪನ ನೆನಪೇ ಅಳಿಸಿಹೋಗುತ್ತಿತ್ತು. ನಿಮ್ಮ ಮನೆಯಲ್ಲಿ ಇನ್ನೂ ಇಬ್ಬರಿಗೂ ನೆನಪಿದೆ, ಕಿವಿ ಕೇಳುತ್ತದೆ, ಮಾತು ಬರುತ್ತದೆ. ನಡುವಿರುವುದು ನಾಲ್ಕೇ ಅಡಿ ದೂರ.

ಇವತ್ತು ರಾತ್ರಿ ಊಟಕ್ಕೆ ಬಡಿಸಿ, ಏನಾದರೂ ನೆಪ ಹೇಳಿ ಹತ್ತು ನಿಮಿಷ ಒಳಗೆ ಹೋಗಿಬಿಡಿ. "ಸಾರು ಯಾಕೋ ಉಪ್ಪಾಗಿದೆ ಅಲ್ವಾ?" ಅಂತ ಇಬ್ಬರೂ ಸೇರಿ ನಿಮ್ಮನ್ನೇ ಆಡಿಕೊಂಡರೂ ಪರವಾಗಿಲ್ಲ. ಮಾತಂತೂ ಶುರುವಾಯ್ತಲ್ಲ!